ಮರದ ಲಾಂಚಿಗೆ ಎಷ್ಟು ಸುಂಕ?

2025ರ ಆಗಸ್ಟ್ 25ರ ಸೋಮವಾರ ಏಳು ಪೆಟ್ಟಿಗೆಗಳನ್ನು ಚೀಲದಲ್ಲಿ ತುಂಬಿಕೊಂಡು ಸಾಗರದ ಅಂಚೆ ಕಚೇರಿಗೆ ಹೋಗಿದ್ದೆ. ಗಣಪತಿ ಹಬ್ಬಕ್ಕೆ ಎರಡು ದಿನ ಉಳಿದಿತ್ತು, ಮಳೆ ಬಿಟ್ಟಿರಲಿಲ್ಲ. ಕೌಂಟರಿನಲ್ಲಿದ್ದವರು ವಿಳಾಸ ನೋಡಿ ಪೆಟ್ಟಿಗೆಗಳನ್ನು ಮೆಲ್ಲಗೆ ನನ್ನ ಕಡೆಗೇ ಸರಿಸಿದರು. ‘ಅಮೆರಿಕಕ್ಕೆ ಪಾರ್ಸೆಲ್ ಇವತ್ತಿನಿಂದ ಇಲ್ಲ ಮಾರಾಯರೇ. ಕಾಗದಪತ್ರ, ನೂರು ಡಾಲರ್ ಒಳಗಿನ ಉಡುಗೊರೆ ಮಾತ್ರ ತೆಗೆದುಕೊಳ್ಳುತ್ತೇವೆ’ ಎಂದರು. ಯಾವಾಗ ಶುರುವಾಗಬಹುದು ಎಂದು ಕೇಳಿದೆ. ಅವರಿಗೂ ತಿಳಿದಿರಲಿಲ್ಲ.

ಆ ಏಳು ಪೆಟ್ಟಿಗೆಗಳಲ್ಲಿದ್ದದ್ದು ಲಾಂಚುಗಳು. ಹೊಳೆಬಾಗಿಲಿನಿಂದ ಸಿಗಂದೂರಿನ ಕಡೆಗೆ ಶರಾವತಿ ಹಿನ್ನೀರನ್ನು ದಾಟಿಸುತ್ತಿದ್ದ ಲಾಂಚಿನ ಮಾದರಿಗಳು. ಒಂದೊಂದೂ ಒಂದು ಗೇಣಿಗಿಂತ ಸ್ವಲ್ಪ ಉದ್ದ. ಮೇಲೆ ಒಂದು ಬಸ್ಸು, ಎರಡು ಜೀಪು, ಕಟಕಟೆಗೆ ಒರಗಿ ನಿಂತ ಹತ್ತು ಹನ್ನೆರಡು ಜನ. ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಒಂದು ವರ್ಷ ಒಣಗಿಸಿದ ಹಲಸಿನ ಮರದಿಂದ ಮೈ, ಪೀಠೋಪಕರಣದ ಅಂಗಡಿಯಿಂದ ತಂದ ಸಾಗುವಾನಿ ಚೂರುಗಳಿಂದ ಬಸ್ಸು. ಜುಲೈ 14ರಂದು ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ದ್ವೀಪದಂತಿದ್ದ ತುಮರಿ ಕಡೆಯ ಊರುಗಳಿಗೆ ಅದು ಎಷ್ಟು ದೊಡ್ಡ ಬಿಡುಗಡೆ ಎಂಬುದು ಅಲ್ಲಿ ಹೆರಿಗೆ ನೋವಿನವರನ್ನು ಕರೆದುಕೊಂಡು ಲಾಂಚಿಗೆ ಕಾದವರಿಗೆ ಗೊತ್ತು. ಆದರೂ ಲಾಂಚು ಕಣ್ಣಿಗೆ ಕಟ್ಟಿದ ವಸ್ತು. ಸೇತುವೆಯಾದ ವಾರದೊಳಗೆ ಅಮೆರಿಕದಲ್ಲಿರುವ ನಮ್ಮ ಕಡೆಯವರಿಂದ ಒಂದರ ಹಿಂದೆ ಒಂದು ಕರೆ ಬಂದವು. ‘ನಮ್ಮ ಲಾಂಚು ಮಾಡಿಕೊಡಿ, ಮಕ್ಕಳಿಗೆ ತೋರಿಸಬೇಕು’ ಎಂದರು. ಮಳೆಗಾಲದ ತೇವದಲ್ಲಿ ಅಂಟು ಬೇಗ ಹಿಡಿಯುವುದಿಲ್ಲ. ಐದು ವಾರ ರಾತ್ರಿಯವರೆಗೂ ಕೂತು ಏಳನ್ನು ಮುಗಿಸಿದ್ದೆ.

ಆಟಿಕೆ ಮಾಡಲು ತೊಡಗಿ ಹಲವು ವರ್ಷಗಳಾದವು. ಸುಂಕ ಎನ್ನುವುದು ಬಂದರಿನಲ್ಲಿ ದೊಡ್ಡ ವ್ಯಾಪಾರಿಗಳು ಕಟ್ಟುವ ಹಣ, ನನ್ನ ಉಳಿಗೂ ಅದಕ್ಕೂ ಏನು ಸಂಬಂಧ ಎಂದು ಮೊದಲು ಅಂದುಕೊಂಡಿದ್ದೆ. ಆ ತಿಳಿವಳಿಕೆ ಬದಲಾದದ್ದು ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿ.

ನಮ್ಮ ಜಾತ್ರೆ ಮೂರು ವರ್ಷಕ್ಕೊಮ್ಮೆ. 2020ರ ಜಾತ್ರೆಯೂ 2023ರ ಜಾತ್ರೆಯೂ ಫೆಬ್ರವರಿಯಲ್ಲಿ, ಕೇಂದ್ರ ಬಜೆಟ್ಟಿನ ಹಿಂದೆಯೇ ಬಂದವು. ಎರಡು ಬಜೆಟ್ಟುಗಳೂ ಆಟಿಕೆಯ ಆಮದು ಸುಂಕವನ್ನು ಏರಿಸಿದವು: 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 60ರಿಂದ 70ಕ್ಕೆ. ಜಾತ್ರೆಯಲ್ಲಿ ಅಂಗಡಿ ಹಾಕುವ ನನ್ನಂಥವನಿಗೆ ಇದಕ್ಕಿಂತ ಚೆನ್ನಾಗಿ ಸುಂಕದ ಪರಿಣಾಮ ನೋಡುವ ಜಾಗ ಇನ್ನೊಂದಿಲ್ಲ.

ಲೆಕ್ಕ ಸರಳ. ಹಡಗಿನಿಂದ ಇಳಿದಾಗ ನೂರು ರೂಪಾಯಿ ಬೆಲೆಯಿದ್ದ ಆಟಿಕೆಗೆ ಶೇ 20 ಸುಂಕವಿದ್ದಾಗ 120 ಆಗುತ್ತದೆ, ಅದರ ಮೇಲೆ ಶೇ 12 ಜಿಎಸ್‌ಟಿ ಸೇರಿದರೆ 134 ರೂಪಾಯಿ 40 ಪೈಸೆ. ಶೇ 70 ಆದಾಗ ಅದೇ ಆಟಿಕೆ 190 ರೂಪಾಯಿ 40 ಪೈಸೆ. ಸಣ್ಣಪುಟ್ಟ ಸೆಸ್ಸು, ಸಾಗಣೆ, ಅಂಗಡಿಯವರ ಲಾಭ ಇದಕ್ಕೆ ಸೇರಿಲ್ಲ. ಜಿಎಸ್‌ಟಿಯನ್ನು ಸುಂಕ ಸೇರಿದ ಮೊತ್ತದ ಮೇಲೆ ಹಾಕುತ್ತಾರೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ನಾನೂ ಬೆಂಗಳೂರಿನ ವ್ಯಾಪಾರಿಯೊಬ್ಬರು ಕಾಗದದ ಮೇಲೆ ಬರೆದು ತೋರಿಸುವವರೆಗೆ ಹಾಗೆ ಯೋಚಿಸಿರಲಿಲ್ಲ.

2020ರ ಜಾತ್ರೆಯಲ್ಲಿ ಏನೂ ಬದಲಾಗಲಿಲ್ಲ. ಸರಕೆಲ್ಲ ಸುಂಕ ಏರುವ ಮೊದಲೇ ಬಂದಿತ್ತು. ನನ್ನ ಪಕ್ಕದ ಅಂಗಡಿಯಲ್ಲಿ ಪ್ಲಾಸ್ಟಿಕ್ ಬಸ್ಸು 60 ರೂಪಾಯಿ, ನನ್ನ ಮರದ ಬಸ್ಸು 250. ಮಕ್ಕಳು ನನ್ನದನ್ನು ಮುಟ್ಟಿ ನೋಡುತ್ತಿದ್ದರು, ಅಪ್ಪಂದಿರು ಪಕ್ಕದ ಅಂಗಡಿಗೆ ಕರೆದುಕೊಂಡು ಹೋಗುತ್ತಿದ್ದರು. ಒಂಬತ್ತು ದಿನಗಳಲ್ಲಿ ಮಾರಿದ ಬಸ್ಸುಗಳು ಇಪ್ಪತ್ತನ್ನು ಮುಟ್ಟಲಿಲ್ಲ.

2023ಕ್ಕೆ ಹೋಗುವಾಗ ದೊಡ್ಡ ಆಸೆ ಇಟ್ಟುಕೊಂಡಿದ್ದೆ. ಮೂರು ವರ್ಷಗಳ ಸುಂಕ, ಜೊತೆಗೆ 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿತ್ತು. ಸರಕಾರದ ಲೆಕ್ಕದಂತೆ 2018–19ರಲ್ಲಿ ಸುಮಾರು 37 ಕೋಟಿ ಡಾಲರ್ ಇದ್ದ ಆಟಿಕೆ ಆಮದು 2021–22ಕ್ಕೆ 11 ಕೋಟಿಗೆ ಇಳಿದಿತ್ತು. ಇನ್ನು ಜಾತ್ರೆಯಲ್ಲಿ ಮರದ ಆಟಿಕೆಯದೇ ಕಾಲ ಎಂದು ಮನೆಯಲ್ಲಿ ಹೇಳಿಕೊಂಡು ನೂರು ಬಸ್ಸು ಮಾಡಿದ್ದೆ. ಹೋಗಿ ನೋಡಿದರೆ ಪಕ್ಕದ ಅಂಗಡಿ ಎಂದಿನಂತೆಯೇ ತುಂಬಿತ್ತು. ಪೆಟ್ಟಿಗೆ ತಿರುಗಿಸಿ ನೋಡಿದೆ, ತಯಾರಾದದ್ದು ಭಾರತದಲ್ಲೇ. ಚೀನಾದ ಪ್ಲಾಸ್ಟಿಕ್ ಬಿಟ್ಟುಹೋದ ಜಾಗದಲ್ಲಿ ನಮ್ಮದೇ ದೇಶದ ಪ್ಲಾಸ್ಟಿಕ್ ಬಂದು ಕೂತಿತ್ತು. ಬೆಲೆ ಮಾತ್ರ 60ರಿಂದ 120ಕ್ಕೆ ಏರಿತ್ತು. ನನಗೆ ಸಿಕ್ಕ ಲಾಭ ಆ ಅಂತರ ಕಡಿಮೆಯಾದದ್ದು. 300 ರೂಪಾಯಿಯ ಮರದ ಬಸ್ಸನ್ನು ಜನ ಈಗ ಕೊಳ್ಳುವ ವಸ್ತು ಎಂದು ಕೈಗೆತ್ತಿಕೊಂಡರು. ಅರವತ್ತೆರಡು ಮಾರಿದೆ. ಸುಂಕದಿಂದ ನಮ್ಮಂಥ ಸಣ್ಣ ಕೈಗೆಲಸದವರಿಗೆ ಉಪಯೋಗವಾಯಿತೇ ಎಂದು ಕೇಳಿದರೆ ಆಯಿತು ಎನ್ನುತ್ತೇನೆ. ಆದರೆ ಹೆಚ್ಚಿನ ಪಾಲು ಅಚ್ಚು ಮತ್ತು ಯಂತ್ರ ಇದ್ದವರಿಗೆ ಹೋಯಿತು.

ಇನ್ನೊಂದು ಪೆಟ್ಟು ನನ್ನ ಬಸ್ಸಿನ ಹೊಟ್ಟೆಯೊಳಗೇ ಇತ್ತು. ಹಿಂದಕ್ಕೆ ಎಳೆದು ಬಿಟ್ಟರೆ ಮುಂದೆ ಓಡುವ ಪುಲ್‌ಬ್ಯಾಕ್ ಮೋಟಾರನ್ನು ಬೆಂಗಳೂರಿನಿಂದ ತರಿಸುತ್ತಿದ್ದೆ, ಅದು ಚೀನಾದ್ದು. ಆಟಿಕೆಯ ಬಿಡಿಭಾಗಕ್ಕೂ ಆಟಿಕೆಯ ಸುಂಕವೇ. ಕಡಿಮೆ ದರ ಇದ್ದದ್ದು ಎಲೆಕ್ಟ್ರಾನಿಕ್ ಆಟಿಕೆಗಳ ಭಾಗಗಳಿಗೆ ಮಾತ್ರ. 18 ರೂಪಾಯಿಗೆ ಸಿಗುತ್ತಿದ್ದದ್ದು 34 ಆಯಿತು, ಆಮೇಲೆ ಸಿಗುವುದೇ ಕಷ್ಟವಾಯಿತು. ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಕೊನೆಗೆ ಮೋಟಾರನ್ನೇ ಬಿಟ್ಟೆ. ದಾರ ಕಟ್ಟಿ ಎಳೆಯುವ ಬಸ್ಸು ಮಾಡಿದೆ. ಹಿಂದಿನ ಎರಡು ಚಕ್ರಗಳಿಗೆ ತೂತನ್ನು ಸರಿಯಾಗಿ ನಡುವೆ ಕೊರೆಯದೆ ಎರಡು ಮಿಲಿಮೀಟರ್ ಬದಿಗೆ ಕೊರೆದೆ, ಒಂದರದು ಮೇಲಿದ್ದಾಗ ಇನ್ನೊಂದರದು ಕೆಳಗಿರುವಂತೆ. ಎಳೆದರೆ ಬಸ್ಸು ನಮ್ಮ ಘಟ್ಟದ ರಸ್ತೆಯಲ್ಲಿ ಹೋಗುವ ಹಾಗೆ ಅತ್ತಿತ್ತ ತೂಗುತ್ತ ಹೋಗುತ್ತದೆ. ಮಕ್ಕಳು ನಗುವುದು ಆ ತೂಗಾಟಕ್ಕೆ. ಚಕ್ರಗಳನ್ನು ಲೇತಿನಲ್ಲಿ ಕಡೆದು, ತಿರುಗುವಾಗಲೇ ಚನ್ನಪಟ್ಟಣದಿಂದ ತಂದ ಅರಗಿನ ಕಡ್ಡಿ ಹಿಡಿದು ಬಣ್ಣ ಕೊಟ್ಟು, ತಾಳೆಗರಿಯಿಂದ ಉಜ್ಜುತ್ತೇನೆ. ಈಗ ಆ ಬಸ್ಸಿನಲ್ಲಿ ಹೊರದೇಶದ ಒಂದು ತುಣುಕೂ ಇಲ್ಲ. ಈ ಕಸುಬಿನಲ್ಲಿ ನಾನು ಮಾಡಿದ ಅತ್ಯುತ್ತಮ ಕೆಲಸ ಅದೇ ಎಂದು ಈಗಲೂ ನಂಬಿದ್ದೇನೆ.

ಐಎಸ್‌ಐ ಗುರುತಿನ ವಿಷಯವನ್ನು ಹೊಸದಾಗಿ ಆಟಿಕೆ ಮಾಡಲು ಹೊರಟವರಿಗಾಗಿ ಹೇಳುತ್ತೇನೆ. ಆ ಆದೇಶ 14 ವರ್ಷದೊಳಗಿನ ಮಕ್ಕಳು ಆಡುವ ವಸ್ತುಗಳಿಗೆ ಅನ್ವಯಿಸುತ್ತದೆ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಯಾರಿಸುವ ಆಟಿಕೆಗಳಿಗೆ ವಿನಾಯಿತಿ ಇದೆ, ಇಂಥ ಊರಿನದ್ದೇ ಎಂಬ ಭೌಗೋಳಿಕ ಗುರುತು (ಜಿಐ) ಪಡೆದ ಆಟಿಕೆಗಳಿಗೂ ಇದೆ. ಕುಶಲಕರ್ಮಿಯ ಗುರುತಿನ ಚೀಟಿ ಮಾಡಿಸಿಕೊಳ್ಳುವುದನ್ನು ಮುಂದೂಡಬೇಡಿ. ವಿನಾಯಿತಿ ಇದೆಯೆಂದು ಬಣ್ಣದ ಬಗ್ಗೆ ಉದಾಸೀನ ಮಾಡಬೇಡಿ. ಮಗು ಮೊದಲು ಮಾಡುವ ಕೆಲಸ ಆಟಿಕೆಯನ್ನು ಬಾಯಿಗೆ ಹಾಕುವುದು. ಸೀಸವಿರುವ ಬಣ್ಣ ನನ್ನ ಕಾರ್ಯಾಗಾರದ ಬಾಗಿಲು ದಾಟುವುದಿಲ್ಲ. ಲಾಂಚಿನ ಮೇಲೆ ನಿಂತ ಜನ ಬೆರಳಿನ ಉಗುರಿನಷ್ಟು ಚಿಕ್ಕವರು, ಮಗು ನುಂಗಬಹುದು. ಹಾಗಾಗಿ ಅದನ್ನು ಆಟಿಕೆ ಎಂದು ಮಾರುವುದಿಲ್ಲ, ದೊಡ್ಡವರ ಸಂಗ್ರಹದ ಮಾದರಿ ಎಂದೇ ಪೆಟ್ಟಿಗೆಯ ಮೇಲೆ ಬರೆಯುತ್ತೇನೆ.

ಹಾಗೆ ಬರೆದರೂ ಸುಂಕದವರ ಪಟ್ಟಿಯಲ್ಲಿ ಅದು ಆಟಿಕೆಯೇ. 9503 ಎಂಬ ಸಂಖ್ಯೆಯಡಿ ತ್ರಿಚಕ್ರ ಸೈಕಲ್ಲು, ಗೊಂಬೆ, ಕುಗ್ಗಿಸಿದ ಅಳತೆಯ ಮಾದರಿ ಎಲ್ಲವೂ ಒಟ್ಟಿಗೆ ಬರುತ್ತವೆ. ಇದರ ಬಿಸಿ ನನಗಿಂತ ಹೆಚ್ಚು ತಟ್ಟಿದ್ದು ಶಿವಮೊಗ್ಗದ ನನ್ನ ಗೆಳೆಯರೊಬ್ಬರಿಗೆ. ಲೋಹದ ಪುಟ್ಟ ಬಸ್ಸು, ಲಾರಿಗಳನ್ನು ಮೂವತ್ತು ವರ್ಷಗಳಿಂದ ಕೂಡಿಡುತ್ತಿರುವವರು ಅವರು, ನಿವೃತ್ತ ಮೇಷ್ಟ್ರು. ಮೊದಲು ಹೊರದೇಶದಲ್ಲಿರುವ ಮಗಳು ಉಡುಗೊರೆ ಎಂದು ಒಂದೊಂದನ್ನೇ ಅಂಚೆಯಲ್ಲಿ ಕಳಿಸುತ್ತಿದ್ದಳು. ಐದು ಸಾವಿರ ರೂಪಾಯಿಯೊಳಗಿನ ಉಡುಗೊರೆಗೆ ಸುಂಕ ಇರಲಿಲ್ಲ. 2019ರ ಡಿಸೆಂಬರಿನಲ್ಲಿ ಆ ದಾರಿ ಮುಚ್ಚಿತು. ರಾಖಿ ಮತ್ತು ಜೀವರಕ್ಷಕ ಔಷಧಕ್ಕೆ ಮಾತ್ರ ವಿನಾಯಿತಿ ಉಳಿಯಿತು. ಮೇಷ್ಟ್ರು ಆಗಿನಿಂದ ಹೊಸದನ್ನು ಬಿಟ್ಟು ನಮ್ಮ ದೇಶದ ಹಳೆಯದನ್ನು ಹುಡುಕತೊಡಗಿದರು. ಅವರ ಗಾಜಿನ ಬೀರುವಿನಲ್ಲಿ ಕಲ್ಕತ್ತಾದ ‘ನಿಕಿ ಟಾಯ್ಸ್’ ಕಾರು ಒಂದಿದೆ. ಬ್ರಿಟನ್ನಿನ ಡಿಂಕಿ ಕಂಪನಿಯ ಹಳೆಯ ಅಚ್ಚುಗಳಲ್ಲಿ ಎರಕ ಹೊಯ್ದು ನಮ್ಮಲ್ಲಿ ತಯಾರಿಸಿದ ಕಾರು. ಹೊರಗಿನ ಆಟಿಕೆ ಒಳಗೆ ಬರುವುದೇ ದುರ್ಲಭವಾಗಿದ್ದ ಕಾಲದಲ್ಲಿ ಆಟಿಕೆಯ ಬದಲು ಅಚ್ಚೇ ಬಂದಿತ್ತು. ಅಂಚು ಒರಟು, ಬಣ್ಣ ದಪ್ಪ. ಮೇಷ್ಟ್ರು ಅದನ್ನು ಎತ್ತಿ ಕೈಗೆ ಕೊಡುವಾಗ ಎರಡೂ ಕೈಗಳನ್ನು ಬಳಸುತ್ತಾರೆ. ಇಂದು ಬ್ರಿಟನ್ನಿನ ಸಂಗ್ರಹಕಾರರೂ ಇಂಥವನ್ನು ಹುಡುಕುತ್ತಾರೆ.

ಮತ್ತೆ ನನ್ನ ಏಳು ಪೆಟ್ಟಿಗೆಗಳ ವಿಷಯ. ಅಮೆರಿಕದಲ್ಲಿ ಆಟಿಕೆಗೆ ಮೂಲ ಸುಂಕವೇ ಇರಲಿಲ್ಲ. 800 ಡಾಲರ್ ಒಳಗಿನ ಪಾರ್ಸೆಲ್ಲಿಗೆ ಯಾವ ಸುಂಕವೂ ಇಲ್ಲದ್ದರಿಂದ ಅಂಚೆಯಲ್ಲಿ ಕಳಿಸಿ ಮರೆಯುತ್ತಿದ್ದೆ. ಆಗಸ್ಟ್ 7ರಿಂದ ಭಾರತದ ಸರಕಿಗೆ ಶೇ 25 ಬಂತು, ಗಣಪತಿ ಹಬ್ಬದ ದಿನ ಇನ್ನೂ 25 ಸೇರಿ 50 ಆಯಿತು, 29ಕ್ಕೆ 800 ಡಾಲರ್ ವಿನಾಯಿತಿಯೂ ಹೋಯಿತು. ಸುಂಕವನ್ನು ಯಾರು, ಎಲ್ಲಿ ವಸೂಲಿ ಮಾಡಬೇಕೆಂಬುದು ತೀರ್ಮಾನವಾಗದೆ ಅಂಚೆಯೇ ನಿಂತಿತ್ತು. ಅಲ್ಲಿನ ಆಟಿಕೆ ವ್ಯಾಪಾರಿಗಳ ಪಾಡು ಇನ್ನೂ ದೊಡ್ಡದು. ಅವರ ಸರಕಿನ ಬಹುಪಾಲು ಚೀನಾದಿಂದ ಬರುತ್ತದೆ, ಏಪ್ರಿಲ್‌ನಲ್ಲಿ ಅದಕ್ಕೆ ಶೇ 145 ಹಾಕಿದ್ದರು. ಇಲಿನಾಯ್ ರಾಜ್ಯದ ‘ಲರ್ನಿಂಗ್ ರಿಸೋರ್ಸಸ್’ ಎಂಬ ಕಲಿಕಾ ಆಟಿಕೆಯ ಕಂಪನಿ ಈ ಸುಂಕಗಳ ವಿರುದ್ಧ ನ್ಯಾಯಾಲಯಕ್ಕೆ ಹೋಗಿ, ನವೆಂಬರ್ 5ರಂದು ಸುಪ್ರೀಂ ಕೋರ್ಟಿನಲ್ಲಿ ವಾದ ನಡೆಯಿತು. ಆ ಸುದ್ದಿ ಓದಿದ ದಿನ ಆ ಕಂಪನಿಯವರು ನಮ್ಮ ಓಣಿಯವರೇ ಎನ್ನಿಸಿತು.

ದೀಪಾವಳಿಗೆ ಐದು ದಿನ ಮೊದಲು, ಅಕ್ಟೋಬರ್ 15ರಂದು ಅಂಚೆ ಮತ್ತೆ ಶುರುವಾಯಿತು. ಆಗ ಕಳಿಸುವವರೇ ಇಲ್ಲಿ ಮುಂಗಡವಾಗಿ ಸುಂಕ ಕಟ್ಟಬೇಕಿತ್ತು, ಘೋಷಿಸಿದ ಬೆಲೆಯ ಅರ್ಧದಷ್ಟು. ಲಾಂಚಿನ ಬೆಲೆ 3,500 ರೂಪಾಯಿ, ಹೆಚ್ಚುಕಡಿಮೆ 40 ಡಾಲರ್. ಸುಂಕ 1,750. ಅಂಚೆ ವೆಚ್ಚ ಬೇರೆ.

ಗಿರಾಕಿಯೊಬ್ಬರು ಫೋನಿನಲ್ಲಿ, ‘ಅಣ್ಣ, ಉಡುಗೊರೆ ಎಂದು ಬರೆದು ಕಳಿಸಿಬಿಡಿ, ನೂರು ಡಾಲರ್ ಒಳಗೇ ಇದೆಯಲ್ಲ’ ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ನನಗೆ ಸಹಾಯವಾಗಲಿ ಎಂದೇ ಹೇಳಿದ್ದು. ಒಪ್ಪಲಿಲ್ಲ. ಹಣ ತೆಗೆದುಕೊಂಡು ಮಾರಿದ್ದನ್ನು ಉಡುಗೊರೆ ಎಂದು ಬರೆದು ಕೆಳಗೆ ನನ್ನ ಹೆಸರು ಹಾಕಲಾರೆ.

ಏಳು ಮಂದಿಗೂ ಒಂದೇ ಕಾಗದ ಬರೆದೆ. ಮರಕ್ಕೆ ಇಷ್ಟು, ನನ್ನ ಕೂಲಿ ಇಷ್ಟು, ಸುಂಕ ಇಷ್ಟು ಎಂದು ಬಿಡಿಸಿ ತೋರಿಸಿದೆ. ಸುಂಕದಲ್ಲಿ ಅರ್ಧ ನಾನು ಹೊರುತ್ತೇನೆ, ಅರ್ಧ ನೀವು ಕೊಡಿ. ಬೇಡವೆಂದರೆ ಹಣ ವಾಪಸ್ಸು. ಡಿಸೆಂಬರ್ ರಜೆಗೆ ಊರಿಗೆ ಬರುವವರಿದ್ದರೆ ಮನೆಗೆ ಬಂದು ತೆಗೆದುಕೊಂಡು ಹೋಗಿ ಎಂದೆ. ಅಲ್ಲಿನ ನಿವಾಸಿಗಳು ಪ್ರವಾಸದಿಂದ ಮರಳುವಾಗ ತಮ್ಮೊಂದಿಗೆ ತರುವ ವಸ್ತುಗಳಿಗೆ ಸಾಮಾನ್ಯವಾಗಿ 800 ಡಾಲರ್‌ವರೆಗೆ ಸುಂಕವಿಲ್ಲ. ಮರದ ವಸ್ತು ಎಂದು ಅಲ್ಲಿ ಇಳಿದಾಗ ಮುಚ್ಚಿಡದೆ ಹೇಳಬೇಕು ಎಂದೂ ಬರೆದೆ. ಮೂವರು ಅರ್ಧ ಸುಂಕ ಕೊಟ್ಟು ತರಿಸಿಕೊಂಡರು. ಆ ಮೂರರಲ್ಲಿ ನನಗೆ ಉಳಿದದ್ದು ಹೆಚ್ಚೇನಿಲ್ಲ. ಇಬ್ಬರು ಡಿಸೆಂಬರಿನಲ್ಲಿ ಬಂದರು. ಒಬ್ಬರ ಹತ್ತು ವರ್ಷದ ಮಗ ಕಾರ್ಯಾಗಾರದಲ್ಲಿ ಅರ್ಧ ದಿನ ಕೂತು ತೂಗುವ ಬಸ್ಸಿಗೆ ಚಕ್ರ ಜೋಡಿಸಿದ, ಅದನ್ನೂ ಕೊಂಡುಹೋದರು. ಒಬ್ಬರು ಬೇಡವೆಂದರು. ಆ ಲಾಂಚು ಈಗ ಮೇಷ್ಟ್ರ ಬೀರುವಿನಲ್ಲಿ ನಿಕಿ ಕಾರಿನ ಪಕ್ಕದಲ್ಲಿದೆ.

ಏಳನೆಯದು ಇನ್ನೂ ಇಲ್ಲೇ ಇದೆ. ಅದನ್ನು ಕೇಳಿದವರ ತಂದೆ ಲಾಂಚಿನಲ್ಲೇ ದಿನವೂ ದಾಟಿ ಕೆಲಸಕ್ಕೆ ಹೋಗುತ್ತಿದ್ದವರಂತೆ. ‘ನಾನೇ ಬಂದು ತೆಗೆದುಕೊಳ್ಳುತ್ತೇನೆ, ಯಾರಿಗೂ ಕೊಡಬೇಡಿ’ ಎಂದಿದ್ದಾರೆ. ಧೂಳು ಕೂರದಂತೆ ಬಟ್ಟೆ ಸುತ್ತಿ ಅಟ್ಟದಲ್ಲಿ ಇಟ್ಟಿದ್ದೇನೆ.

2026ರ ಫೆಬ್ರವರಿಯಲ್ಲಿ ಮತ್ತೆ ಜಾತ್ರೆ, ಅದರ ತಯಾರಿಯ ನಡುವೆ ಇದನ್ನು ಬರೆಯುತ್ತಿದ್ದೇನೆ. ಸೆಪ್ಟೆಂಬರಿನಲ್ಲಿ ಆಟಿಕೆಯ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ, ಪಕ್ಕದ ಅಂಗಡಿಯ ಪ್ಲಾಸ್ಟಿಕ್ಕೂ ಸ್ವಲ್ಪ ಅಗ್ಗವಾಗಬಹುದು. ನೂರಿಪ್ಪತ್ತು ಬಸ್ಸುಗಳಿಗೆ ಮರ ಕೊಯ್ದಾಗಿದೆ. ಚಕ್ರಗಳು ಇನ್ನೂ ಇನ್ನೂರು ಬಾಕಿ.