ಹಳೆಯ ಅಲಗುಗಳನ್ನು ಗುರುತಿಸುವ ಮತ್ತು ಸಂಗ್ರಹಿಸುವ ಕ್ರಮ

ಹಳೆಯ ಕತ್ತಿ, ಕಠಾರಿ, ಮಚ್ಚು, ಅಡಕತ್ತರಿಗಳನ್ನು ಸಂಗ್ರಹಿಸಲು ಹೊರಟವರು ಸಾಮಾನ್ಯವಾಗಿ ಮೊದಲು ನೋಡುವುದು ಹಿಡಿಯ ಅಲಂಕಾರವನ್ನು, ಮೊದಲು ಕೇಳುವುದು ಮಾರುವವನ ಕಥೆಯನ್ನು. ಪರೀಕ್ಷೆಯ ಕ್ರಮ ಇದಕ್ಕೆ ತಿರುವುಮುರುವಾಗಿರಬೇಕು. ಅಲಗಿನ ಲೋಹ, ಅದನ್ನು ಬಡಿದು ರೂಪಿಸಿದ ರೀತಿ, ಬಳಕೆಯಿಂದ ಬಿದ್ದ ಸವೆತ ಮೊದಲು, ಹಿಡಿ, ಒರೆ ಮತ್ತು ಬರಹ ಅನಂತರ, ಕಥೆ ಕಟ್ಟಕಡೆಗೆ. ಹಳೆಯ ಅಲಗಿಗೆ ಹೊಸ ಹಿಡಿ ಹಾಕುವುದು, ಹಳೆಯ ಹಿಡಿಗೆ ಬೇರೊಂದು ಅಲಗು ಕೂರಿಸುವುದು ಹಿಂದೆಯೂ ಸಹಜವಾಗಿ ನಡೆಯುತ್ತಿದ್ದ ಕೆಲಸವಾದ್ದರಿಂದ, ಒಂದೇ ವಸ್ತುವಿನ ಎರಡು ಭಾಗಗಳಿಗೆ ಎರಡು ವಯಸ್ಸು, ಎರಡು ಊರು ಇರಬಹುದು. ಯುರೋಪಿನಿಂದ ಬಂದ ಅಲಗಿಗೆ ನಮ್ಮ ಕಡೆಯ ಹಿಡಿ ಕೂರಿಸಿದ ‘ಫಿರಂಗಿ’ ಖಡ್ಗಗಳು ದಖ್ಖನಿನಲ್ಲಿ ಬಹಳ ಬಳಕೆಯಲ್ಲಿದ್ದವು. ತಂಜಾವೂರಿನ ಶಸ್ತ್ರಾಗಾರದಿಂದ ಬಂದು ಈಗ ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಠಾರಿಗಳಲ್ಲಿಯೂ ಯುರೋಪಿನ ಅಲಗುಳ್ಳವು ಇವೆ. ಅಂಥದ್ದನ್ನು ಕಲಬೆರಕೆಯೆಂದು ತಳ್ಳಿಬಿಡುವುದು ಅವಸರದ ತೀರ್ಮಾನವಾಗುತ್ತದೆ.

ಹೊಸಬರಿಗೆ ನನ್ನ ಸಲಹೆ, ಖಡ್ಗದಿಂದ ಆರಂಭಿಸದೆ ಮನೆಯ ಮತ್ತು ತೋಟದ ಉಪಕರಣಗಳಿಂದ ಆರಂಭಿಸಬೇಕು ಎಂಬುದು. ಅಡಕತ್ತರಿ, ಮೆಟ್ಟುಗತ್ತಿ, ಈಳಿಗೆಮಣೆ, ಕುಡುಗೋಲು, ಬಾಚಿ, ತಾಳೆಗರಿಯ ಮೇಲೆ ಬರೆಯುವ ಕಂಠ ಮೊದಲಾದವುಗಳಿಗೆ ಬೆಲೆ ಕಡಿಮೆ, ಆದ್ದರಿಂದ ನಕಲು ಮಾಡುವವರಿಗೂ ಅವುಗಳ ಮೇಲೆ ಆಸೆ ಕಡಿಮೆ. ಅವುಗಳ ಮೇಲಿನ ಸವೆತ ನಿಜವಾದ ಕೈಯಿಂದ, ನಿಜವಾದ ಕೆಲಸದಿಂದ ಬಿದ್ದದ್ದು. ಇಂತಹ ವಸ್ತುಗಳನ್ನು ಕೈಯಲ್ಲಿ ಹಿಡಿದು ಪಳಗಿದ ಕಣ್ಣಿಗೆ, ಆಮ್ಲದಲ್ಲಿ ಮುಳುಗಿಸಿ ‘ಹಳೆಯದು’ ಮಾಡಿದ ಕತ್ತಿ ದೂರದಿಂದಲೇ ಗೊತ್ತಾಗುತ್ತದೆ. ಪುಣೆಯ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯದ ಅಡಕತ್ತರಿಗಳನ್ನು ನೋಡಿದವರು ಈ ಬಗೆಯ ಸಂಗ್ರಹವನ್ನು ಕೀಳೆಂದು ಭಾವಿಸಲಾರರು.

ಅಡಕತ್ತರಿಯಲ್ಲಿ ಮೊದಲು ಕೀಲನ್ನು ನೋಡಬೇಕು. ಹಳೆಯದರಲ್ಲಿ ಎರಡು ತೋಳುಗಳನ್ನು ಸೇರಿಸುವ ಮೊಳೆಯ ತಲೆಯನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿರುತ್ತಾರೆ. ಯಂತ್ರದಲ್ಲಿ ಮಾಡಿದ ಸ್ಕ್ರೂ ಇದ್ದರೆ ವಸ್ತು ಹೊಸದು, ಇಲ್ಲವೇ ದುರಸ್ತಿಯಾದದ್ದು. ಹಿತ್ತಾಳೆಯ ಒಡಲಿದ್ದರೆ ಕತ್ತರಿಸುವ ಬಾಯಿಯನ್ನು ಉಕ್ಕಿನಲ್ಲಿ ಬೇರೆಯಾಗಿ ಮಾಡಿ ರಿವೆಟ್ ಹಾಕಿ ಕೂರಿಸಿರುತ್ತಾರೆ, ಮತ್ತು ಅನೇಕ ವರ್ಷ ಸಾಣೆ ಕಂಡ ಬಾಯಿ ಸವೆದು, ಮುಚ್ಚಿದಾಗ ಕೆಳತೋಳಿಗೆ ಸರಿಯಾಗಿ ತಾಗದೆ ನಡುವೆ ಸಂದು ಬಿಡುತ್ತದೆ. ಗಿಳಿ, ಕುದುರೆ, ದಂಪತಿಯ ಆಕೃತಿಗಳಿರುವ ಕತ್ತರಿಗಳಲ್ಲಿ ಉಬ್ಬಿದ ಭಾಗಗಳು ಬೆರಳು ತಾಗಿ ನಯವಾಗಿದ್ದು, ಗೆರೆಗಳ ಒಳಗು ಮಾತ್ರ ಚೂಪಾಗಿ ಉಳಿದಿರಬೇಕು. ಉಬ್ಬೂ ತಗ್ಗೂ ಒಂದೇ ಸಮನಾಗಿ ಮೊಂಡಾಗಿದ್ದರೆ ಅದು ಹಳೆಯ ಮಾದರಿಯ ಅಚ್ಚು ತೆಗೆದು ಎರಕ ಹೊಯ್ದ ಪ್ರತಿ ಎಂದು ಅನುಮಾನಿಸಬೇಕು.

ಅಲಗಿನ ದಪ್ಪ

ಉದ್ದನೆಯ ಅಲಗುಗಳಿಗೆ ಬಂದಾಗ, ಅತ್ಯಂತ ಉಪಯುಕ್ತ ಸಾಧನವೆಂದರೆ ವರ್ನಿಯರ್ ಕ್ಯಾಲಿಪರ್. ಅಲಗಿನ ಬೆನ್ನಿನ ದಪ್ಪವನ್ನು ಹಿಡಿಯ ಬುಡದಲ್ಲಿ, ನಡುವೆ ಮತ್ತು ಮೊನೆಯಿಂದ ನಾಲ್ಕು ಬೆರಳು ಹಿಂದೆ ಅಳೆದು ಬರೆದುಕೊಳ್ಳಬೇಕು. ಕೈಯಲ್ಲಿ ಬಡಿದು ಮಾಡಿದ ತಲವಾರಿನ ಬೆನ್ನು ಬುಡದಲ್ಲಿ 6ರಿಂದ 8 ಮಿಲಿಮೀಟರ್ ಇದ್ದು, ಮೊನೆಯ ಹತ್ತಿರಕ್ಕೆ ಬರುವಷ್ಟರಲ್ಲಿ 2ರಿಂದ 3 ಮಿಲಿಮೀಟರಿಗೆ ಇಳಿಯುವುದು ಸಾಮಾನ್ಯ. ಬೀಸುವ ಕೈಗೆ ಭಾರ ಹಿಂದಕ್ಕೆ ಇರಲಿ ಎಂದು ಕಮ್ಮಾರ ಬಹಳ ಶ್ರಮಪಟ್ಟು ತೆಗೆದ ಇಳಿತ ಅದು. ಮಾರುಕಟ್ಟೆಯ ಗೋಡೆಯಲಂಕಾರದ ಕತ್ತಿಗಳು, ಮದುವೆಯ ವರನಿಗೆಂದು ಮಾಡಿದ ಕತ್ತಿಗಳು ಒಂದೇ ದಪ್ಪದ ತಗಡಿನಿಂದ ಕತ್ತರಿಸಿದವಾದ್ದರಿಂದ ಮೂರೂ ಕಡೆ ಒಂದೇ ಅಳತೆ ಬರುತ್ತದೆ. ಮೊದಲನೆಯ ಜರಡಿಯಾಗಿ ಇದೊಂದೇ ಪರೀಕ್ಷೆ ಬಹುಪಾಲು ನಕಲುಗಳನ್ನು ಹೊರಹಾಕುತ್ತದೆ. ತೂಕವನ್ನೂ ನೋಡಬಹುದು, ಕಾದಾಡಲು ಮಾಡಿದ ತಲವಾರು ಸಾಮಾನ್ಯವಾಗಿ 1 ಕಿಲೋಗ್ರಾಮಿನ ಆಸುಪಾಸಿನಲ್ಲಿರುತ್ತದೆ, ಸಿನಿಮಾದವರು ತೋರಿಸುವಂತೆ ಎರಡು ಕೈಯಲ್ಲಿ ಎತ್ತಬೇಕಾದ ಹೊರೆಯಾಗಿರುವುದಿಲ್ಲ.

ದಪ್ಪದ ಪರೀಕ್ಷೆ ಮಚ್ಚುಗಳಿಗೂ ಒದಗುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಮೋಟಾರು ವಾಹನಗಳು ಬಂದ ಮೇಲೆ ಹಳ್ಳಿಯ ಕಮ್ಮಾರರು ಲಾರಿಯ ಒಂದೇ ದಪ್ಪದ ಸ್ಪ್ರಿಂಗ್ ಪಟ್ಟಿಯಿಂದ ಮಚ್ಚು, ಕತ್ತಿಗಳನ್ನು ಮಾಡತೊಡಗಿದರು. ಅಂತಹ ಮಚ್ಚು ಒಳ್ಳೆಯ ಉಪಕರಣವೇ ಹೌದು, ಆದರೆ ಅದನ್ನು ಇನ್ನೂರು ವರ್ಷ ಹಳೆಯದೆಂದು ಮಾರಲು ಬಂದವನ ಮಾತನ್ನು ಮುಂದುವರಿಸಿ ಕೇಳಬೇಕಾಗಿಲ್ಲ.

ಕಬ್ಬಿಣ ಮತ್ತು ಉಕ್ಕು

ಊರಿನ ಕುಲುಮೆಯಲ್ಲಿ ಅದಿರಿನಿಂದ ತೆಗೆದ ಹಳೆಯ ಕಬ್ಬಿಣದಲ್ಲಿ ಕಿಟ್ಟದ ಎಳೆಗಳು ಉಳಿದಿರುತ್ತವೆ. ಬಡಿದು ಉದ್ದ ಮಾಡಿದಾಗ ಈ ಎಳೆಗಳು ಅಲಗಿನ ಉದ್ದಕ್ಕೂ ನಾರಿನಂತೆ ಚಾಚಿಕೊಳ್ಳುತ್ತವೆ. ತುಕ್ಕು ಅವುಗಳ ಜಾಡಿನಲ್ಲಿಯೇ ತಿನ್ನುವುದರಿಂದ, ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿದರೆ ಕಪ್ಪು ಗೀರುಗಳು ಮತ್ತು ಉದ್ದನೆಯ ಕುಳಿಗಳು ಕಾಣುತ್ತವೆ. ಕಾರ್ಖಾನೆಯ ಉಕ್ಕಿನಲ್ಲಿ ಇಂತಹ ನಾರು ಎದ್ದು ಕಾಣುವುದಿಲ್ಲ, ಅಲ್ಲಿ ತುಕ್ಕಿನ ಕುಳಿಗಳು ದುಂಡಗೆ ಹರಡಿರುತ್ತವೆ. ಉಪಕರಣಗಳಲ್ಲಿ ಇನ್ನೊಂದು ಗುರುತೂ ಸಿಗುತ್ತದೆ: ಒಡಲನ್ನು ಮೆತು ಕಬ್ಬಿಣದಲ್ಲಿ ಮಾಡಿ, ಬಾಯಿಗೆ ಮಾತ್ರ ಉಕ್ಕಿನ ಪಟ್ಟಿ ಕೂರಿಸಿ ಬೆಸೆಯುತ್ತಿದ್ದ ಕಾರಣ, ಬಾಯಿಯಿಂದ ಒಂದೆರಡು ಬೆರಳು ಮೇಲೆ ಬಣ್ಣ ಬದಲಾಗುವ ಗೆರೆಯೊಂದು ಓಡುತ್ತದೆ. ಉಕ್ಕು ತುಟ್ಟಿಯಾಗಿದ್ದ ಕಾಲದ ಮಿತವ್ಯಯ ಅದು. ಸಾಣೆ ಹಿಡಿದು ಹಿಡಿದು ಆ ಗೆರೆಯವರೆಗೂ ಸವೆದ ಕೊಡಲಿ ಸಿಕ್ಕರೆ, ಅಲಂಕಾರ ಇಲ್ಲವೆಂದು ಬಿಟ್ಟುಬರಬಾರದು.

ಮೂಸೆಯಲ್ಲಿ ಕರಗಿಸಿದ ಉಕ್ಕಿನ ವಿಷಯ ಹೆಚ್ಚು ಸೂಕ್ಷ್ಮವಾದದ್ದು. ಕಬ್ಬಿಣದ ತುಂಡುಗಳನ್ನು ಕಟ್ಟಿಗೆ, ಸೊಪ್ಪಿನೊಡನೆ ಮಣ್ಣಿನ ಮೂಸೆಯಲ್ಲಿ ಮುಚ್ಚಿ ಕಾಯಿಸಿ ಉಕ್ಕಿನ ಗಟ್ಟಿ ತೆಗೆಯುವ ಕೆಲಸ ಮೈಸೂರು ಸೀಮೆಯಲ್ಲಿ ನಡೆಯುತ್ತಿದ್ದುದನ್ನು 1800–01ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕಣ್ಣಾರೆ ಕಂಡು ದಾಖಲಿಸಿದ್ದಾನೆ. ಇಂಗಾಲದ ಪ್ರಮಾಣ ಹೆಚ್ಚಾಗಿರುವ ಈ ಉಕ್ಕನ್ನು ಮಿತವಾದ ಶಾಖದಲ್ಲಿ ಬಡಿದಾಗ ಕಬ್ಬಿಣ ಮತ್ತು ಇಂಗಾಲ ಸೇರಿ ಆಗುವ ಕಾರ್ಬೈಡಿನ ಕಣಗಳು ಸಾಲುಗಟ್ಟಿ, ಮೇಲ್ಮೈಯಲ್ಲಿ ಹರಿಯುವ ನೀರಿನಂತಹ ಸಣ್ಣ ಚಿತ್ತಾರ ಮೂಡುತ್ತದೆ. ಹಿಂದೆ ಅಲಗನ್ನು ಉಜ್ಜಿ ಅನ್ನಭೇದಿಯ (ಕಬ್ಬಿಣದ ಸಲ್ಫೇಟಿನ) ದ್ರಾವಣ ಸವರಿ ಈ ಚಿತ್ತಾರವನ್ನು ಹೊರತರುತ್ತಿದ್ದರು. ಇಂದು ‘ಡಮಾಸ್ಕಸ್’ ಹೆಸರಿನಲ್ಲಿ ಹೇರಳವಾಗಿ ಸಿಗುವುದು ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದದ್ದು; ಅದರ ಗೆರೆಗಳು ದಪ್ಪ, ಸ್ಪಷ್ಟ, ಮತ್ತು ಒಂದು ಅಂಚಿನಿಂದ ಇನ್ನೊಂದರವರೆಗೆ ಕಡಿಯದೆ ಓಡುತ್ತವೆ. ಮೂಸೆಯ ಉಕ್ಕಿನ ಚಿತ್ತಾರ ಹತ್ತಿರದಿಂದ ನೋಡಿದಾಗ ಬಿಡಿ ಬಿಡಿ ಬಿಳಿಯ ಕಣಗಳ ಸಾಲಾಗಿ ಒಡೆಯುತ್ತದೆ. ಇನ್ನು ಆಮ್ಲದಿಂದ ಮೇಲ್ಮೈಗೆ ಮಾತ್ರ ಬರೆದ ಚಿತ್ತಾರವೂ ಉಂಟು. ಅದು ಸವೆದ ಜಾಗದಲ್ಲಿ ಮಾಯವಾಗಿರುತ್ತದೆ. ಒಳಗಿನ ಚಿತ್ತಾರವನ್ನು ಕಾಣುವ ಆಸೆಯಿಂದ ಮನೆಯಲ್ಲಿ ಲೋಹವನ್ನು ತಿನ್ನುವ ಫೆರಿಕ್ ಕ್ಲೋರೈಡ್ ಪ್ರಯೋಗ ಮಾಡುವವರನ್ನು ನಾನು ಒಪ್ಪುವುದಿಲ್ಲ. ಕೆಲಸ ಅಗತ್ಯವಾದರೆ, ಹಿಡಿಯ ಬಳಿ ಹೆಬ್ಬೆರಳಿನಷ್ಟು ಜಾಗದಲ್ಲಿ, ಸಂರಕ್ಷಣೆ ಬಲ್ಲವರ ಕೈಯಿಂದಲೇ ಆಗಬೇಕು.

ಹಿಡಿ, ಲೇಪ, ಬರಹ

ತಲವಾರಿನ ಕಬ್ಬಿಣದ ಹಿಡಿಯೊಳಗೆ ಅಲಗಿನ ಬಾಲವನ್ನು ಅರಗು, ರಾಳದ ಮಿಶ್ರಣ ತುಂಬಿ ಕೂರಿಸುತ್ತಿದ್ದರು. ಸೇರುವ ಜಾಗದಲ್ಲಿ ಕಂದು ಬಣ್ಣದ ಒಣ ಅರಗು ಕಂಡರೆ ಸಹಜ. ಹೊಳೆಯುವ ಎಪಾಕ್ಸಿ ಅಂಟು ಅಥವಾ ಹೊಸ ವೆಲ್ಡಿಂಗಿನ ಗಂಟು ಕಂಡರೆ ಎರಡೂ ಭಾಗಗಳನ್ನು ಇತ್ತೀಚೆಗೆ ಸೇರಿಸಲಾಗಿದೆ ಎಂದರ್ಥ. ಚಿನ್ನದ ಕೆಲಸದಲ್ಲಿ, ಕಬ್ಬಿಣದ ಮೇಲೆ ಅಡ್ಡಡ್ಡ ಸಣ್ಣ ಗೀರು ಎಳೆದು ಆ ಒರಟಿಗೆ ಚಿನ್ನದ ತಂತಿಯನ್ನು ಬಡಿದು ಅಂಟಿಸುವ ಕೋಫ್ತಗಾರಿಯೇ ಹೆಚ್ಚು, ಆದ್ದರಿಂದ ಚಿನ್ನ ಉದುರಿದ ಜಾಗದಲ್ಲಿ ಬಲೆಯಂತಹ ಗೀರುಗಳಿವೆಯೇ ಎಂದು ನೋಡಬೇಕು. ಗೀರಿಲ್ಲದಿದ್ದರೆ ಅದು ಬರಿಯ ಲೇಪ ಅಥವಾ ಬಣ್ಣವಿರಬಹುದು.

ಬರಹಗಳ ವಿಷಯದಲ್ಲಿ ಸಂಶಯವೇ ಸರಿಯಾದ ನಿಲುವು. ಪರ್ಷಿಯಾದ ಇಸ್ಫಹಾನಿನ ಹೆಸರಾಂತ ಕತ್ತಿ ಕಮ್ಮಾರ ಅಸದುಲ್ಲಾನ ಹೆಸರನ್ನು ಎಷ್ಟೋ ಮಂದಿ ಎಷ್ಟೋ ಕಾಲ ಗುಣಮಟ್ಟದ ಮುದ್ರೆಯಂತೆ ಕೆತ್ತಿದ್ದಾರೆ. ಅದರಿಂದ ಕರ್ತೃತ್ವ ಸಿದ್ಧವಾಗುವುದಿಲ್ಲ. ಟಿಪ್ಪು ಸುಲ್ತಾನನ ಖಡ್ಗವೊಂದು 2023ರಲ್ಲಿ ಲಂಡನ್ನಿನ ಹರಾಜಿನಲ್ಲಿ ಸುಮಾರು 1 ಕೋಟಿ 40 ಲಕ್ಷ ಪೌಂಡಿಗೆ ಹೋದ ಮೇಲಂತೂ, ಶ್ರೀರಂಗಪಟ್ಟಣದ ಹೆಸರು ಹೇಳಿಕೊಂಡು ಬರುವ ಅಲಗುಗಳಿಗೆ ಲೆಕ್ಕವಿಲ್ಲ. ಮೈಸೂರಿನ ಆ ಕಾಲದ ಆಯುಧಗಳಲ್ಲಿ ಹುಲಿಪಟ್ಟೆಯ ಆಕೃತಿ ಇರುವುದು ನಿಜ, ಆದರೆ ಪಟ್ಟೆ ಕೆತ್ತುವುದು ಇಂದಿನ ಯಂತ್ರಕ್ಕೆ ಕಷ್ಟವೇನಲ್ಲ. ಇದಕ್ಕೆ ಹೋಲಿಸಿದರೆ, ದೊಡ್ಡ ಹೆಸರಿಲ್ಲದ ದಾಸ್ತಾನಿನ ಗುರುತುಗಳೇ ಹೆಚ್ಚು ನಂಬಲರ್ಹ. ಬಿಕಾನೇರಿನ ಶಸ್ತ್ರಾಗಾರದವರು ಚುಕ್ಕಿ ಚುಕ್ಕಿಯಾಗಿ ಚುಚ್ಚಿದ ದೇವನಾಗರಿ ಅಕ್ಷರಗಳಲ್ಲಿ, 1689ರಲ್ಲಿ ಈಗಿನ ಆಂಧ್ರಪ್ರದೇಶದ ಆದವಾನಿ ಕೋಟೆಯನ್ನು ಗೆದ್ದಾಗ ಸಿಕ್ಕ ದಖ್ಖನಿ ಆಯುಧಗಳನ್ನು ದಾಖಲಿಸಿರುವುದು ಇದಕ್ಕೆ ಒಳ್ಳೆಯ ಉದಾಹರಣೆ. ರೂಪವನ್ನು ಹೋಲಿಸಿ ನೋಡಲು ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯವೂ ಮೈಸೂರು ಅರಮನೆಯ ಆಯುಧ ಸಂಗ್ರಹವೂ ಇವೆ. ಇನ್ನೂ ಹಳೆಯ ರೂಪಗಳಿಗೆ ವೀರಗಲ್ಲುಗಳನ್ನೇ ನೋಡಬೇಕು, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಗಂಗರ ಕಾಲದ ಕಲ್ಲನ್ನಂತೂ ತಪ್ಪದೆ.

ಕೊಡಗಿನ ಕತ್ತಿಗಳು

ಕರ್ನಾಟಕದ ಸಂಗ್ರಾಹಕರ ಕೈಗೆ ಹೆಚ್ಚಾಗಿ ಬರುವ ಸಾಂಪ್ರದಾಯಿಕ ಆಯುಧಗಳು ಕೊಡಗಿನವು. ಒಡಿಕತ್ತಿಗೆ ಬುಡದಲ್ಲಿ ಕಿರಿದಾಗಿದ್ದು ಮುಂದಕ್ಕೆ ಬಾಗುತ್ತಾ ಅಗಲವಾಗುವ ಅಲಗಿರುತ್ತದೆ. ಹರಿತವಾದ ಬಾಯಿ ಒಳಬಾಗಿನ ಕಡೆಗಿರುತ್ತದೆ, ಕೈಗಾಪು ಇರುವುದಿಲ್ಲ. ಅದಕ್ಕೆ ಒರೆಯ ಬದಲು ಸೊಂಟದ ಹಿಂದೆ ಕಟ್ಟುವ ತೋಡಂಗ್ ಎಂಬ ಲೋಹದ ಕೊಂಡಿಯಿದ್ದು, ಎರಡೂ ಜೊತೆಯಾಗಿ ಸಿಕ್ಕರೆ ಮಾತ್ರ ಸಂಗ್ರಹ ಪೂರ್ಣವಾಗುತ್ತದೆ. ಪೀಚೆಕತ್ತಿಯನ್ನು, ಕೊಡವ ಗಂಡಸರ ನಿಲುವಂಗಿಯಾದ ಕುಪ್ಪಸದ ಮೇಲೆ ಸೊಂಟಕ್ಕೆ ಕಟ್ಟಿದ ಚೇಲೆ ಎಂಬ ವಸ್ತ್ರಕ್ಕೆ ಮುಂಭಾಗದಲ್ಲಿ ಸಿಕ್ಕಿಸಿಕೊಳ್ಳುತ್ತಾರೆ. ಬೆಳ್ಳಿಯ ಕೆಲಸದ ಒರೆ, ಸರಪಳಿ, ಸರಪಳಿಯ ತುದಿಯ ಪುಟ್ಟ ಸಲಕರಣೆಗಳು ಅದರ ಲಕ್ಷಣ. ಇಂದಿಗೂ ಮದುವೆಗಳಿಗಾಗಿ ಹೊಸ ಪೀಚೆಕತ್ತಿಗಳು ತಯಾರಾಗುವುದರಿಂದ, ಬೆಳ್ಳಿಯ ಹೊಳಪನ್ನು ಬಿಟ್ಟು ಅಲಗನ್ನೇ ಎಳೆದು ನೋಡಬೇಕು: ಹಳೆಯದರ ಬೆನ್ನು ದಪ್ಪವಾಗಿದ್ದು, ಬಾಯಿ ಸಾಣೆ ಕಂಡಿರುತ್ತದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಹಳೆಯ ಪೀಚೆಕತ್ತಿಗಳಲ್ಲಿ ಹಿಡಿ ದಂತದ್ದಾಗಿರುವುದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ದಂತದ ಮಾರಾಟ ಮತ್ತು ಖರೀದಿ ನಿಷಿದ್ಧ. ವಸ್ತು ಎಷ್ಟೇ ಹಳೆಯದಾದರೂ ಇದರಿಂದ ಬಿಡುಗಡೆಯಿಲ್ಲ. ಕಡವೆಯ ಕೊಂಬಿನ ಹಿಡಿಗೂ ಇದೇ ಎಚ್ಚರ ಬೇಕು.

ಕಾನೂನು, ಮತ್ತು ಕೊಳ್ಳಬಾರದ ವಸ್ತುಗಳು

ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಳ್ಳ ಕತ್ತಿ, ಕಠಾರಿ, ಭರ್ಜಿಗಳು ಆಯುಧಗಳ ಪಟ್ಟಿಯಲ್ಲಿ ಬರುತ್ತವೆ; ಮನೆ, ಕೃಷಿ, ಕೈಗಾರಿಕೆಗೆಂದು ಮಾಡಿದ ಉಪಕರಣಗಳು ಬರುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ 4ನೆಯ ಕಲಮಿನಂತೆ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಇವನ್ನು ಇಟ್ಟುಕೊಳ್ಳಲು ಪರವಾನಗಿ ಬೇಕಾಗುತ್ತದೆ, ಆದ್ದರಿಂದ ಕೊಳ್ಳುವ ಮೊದಲು ತಮ್ಮ ಜಿಲ್ಲೆಯ ಸ್ಥಿತಿಯನ್ನು ಲಿಖಿತವಾಗಿ ವಿಚಾರಿಸಿಕೊಳ್ಳುವುದು ಕ್ಷೇಮ. ಕೊಡವರಿಗೂ ಕೊಡಗಿನ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಈ ಕಾಯಿದೆಯಲ್ಲಿ ದೊರೆತಿರುವ ವಿನಾಯಿತಿ ವ್ಯಕ್ತಿಗಳಿಗೆ ಸೇರಿದ್ದು; ಅವರ ಮನೆಯಿಂದ ಬಂದ ಆಯುಧದ ಜೊತೆಗೆ ಅದು ಕೊಂಡವರಿಗೆ ಬರುವುದಿಲ್ಲ. ನೂರು ವರ್ಷಕ್ಕೆ ಮೇಲ್ಪಟ್ಟ ವಸ್ತು 1972ರ ಪುರಾತನ ವಸ್ತುಗಳ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ: ಅಂಥವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ವಿದೇಶದಲ್ಲಿರುವ ಕನ್ನಡಿಗರು ಅಜ್ಜನ ಕತ್ತಿಯೆಂಬ ಮಮತೆಯಿಂದ ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೊರಡುವ ಮುನ್ನ ಇದನ್ನು ತಿಳಿದಿರಬೇಕು. ನೆಲದಲ್ಲಿ ಅಗೆದಾಗ ಸಿಕ್ಕಿದ್ದು ನಿಧಿ ಕಾಯಿದೆಯ ವಿಷಯವಾಗಿ, ಜಿಲ್ಲಾಡಳಿತಕ್ಕೆ ತಿಳಿಸಬೇಕಾಗುತ್ತದೆ.

ದೈವಸ್ಥಾನದ ಕಡ್ತಲೆ ಎಂಬ ಕತ್ತಿ, ದೇವಾಲಯದ ಖಡ್ಗ, ಮೆರವಣಿಗೆಯ ಆಯುಧಗಳು ಮಾರಾಟಕ್ಕೆ ಬಂದರೆ, ಅವು ಕಳವಾಗಿ ಬಂದಿರುವ ಸಂಭವ ಹೆಚ್ಚು. ಅಂಥವನ್ನು ಕೊಳ್ಳಬಾರದು.

ಕಾಪಾಡುವುದು, ದಾಖಲಿಸುವುದು

ಮನೆಗೆ ತಂದ ಅಲಗನ್ನು ಉಜ್ಜಿ ಬೆಳಗಿಸುವುದು ಸಂಗ್ರಹದ ಅತಿ ದೊಡ್ಡ ಶತ್ರು. ಕಪ್ಪಾದ ಗಟ್ಟಿ ಪದರವನ್ನು ಹಾಗೆಯೇ ಬಿಟ್ಟು, ಕೈಗೆ ಅಂಟುವ ಕಿತ್ತಳೆ ಬಣ್ಣದ ಸಜೀವ ತುಕ್ಕನ್ನು ಮಾತ್ರ ತೆಳು ಯಂತ್ರದೆಣ್ಣೆ ಹಾಕಿ, ಬಿದಿರಿನ ಕಡ್ಡಿಯಿಂದಲೋ ಬಟ್ಟೆಯಿಂದಲೋ ತಾಳ್ಮೆಯಿಂದ ತೆಗೆಯಬೇಕು. ಎಮರಿ ಕಾಗದ, ಹುಣಸೆಹುಳಿ, ನಿಂಬೆರಸ ಯಾವುದೂ ಸಲ್ಲದು. ಕೊಬ್ಬರಿ ಎಣ್ಣೆ ಕಾಲಕ್ರಮದಲ್ಲಿ ಹುಳಿತು ಲೋಹವನ್ನು ತಿನ್ನುತ್ತದೆ. ಶುದ್ಧವಾದ ಖನಿಜ ಎಣ್ಣೆ ಅಥವಾ ಮೈಕ್ರೋಕ್ರಿಸ್ಟಲಿನ್ ಮೇಣ ಒಳ್ಳೆಯದು. ಆಯುಧಪೂಜೆಯ ದಿನ, ಕೊಡಗಿನಲ್ಲಿ ಆಯುಧಗಳನ್ನು ಪೂಜಿಸುವ ಹಬ್ಬವಾದ ಕೈಲ್‌ಪೊಳ್ದಿನ ದಿನ ಪೂಜೆ ನಿಲ್ಲಿಸಬೇಕೆಂದು ಯಾರೂ ಹೇಳುವುದಿಲ್ಲ, ಆದರೆ ಒದ್ದೆ ಕುಂಕುಮವನ್ನು ಒರೆಗೋ ಕೆಳಗಿನ ಮಣೆಗೋ ಇಟ್ಟು, ಅಲಗಿಗೆ ತಾಗಿದ್ದನ್ನು ಅಂದೇ ಒರೆಸಿಬಿಡಬೇಕು. ಮಲೆನಾಡಿನ ಮತ್ತು ಕರಾವಳಿಯ ಮಳೆಗಾಲದಲ್ಲಿ ಚರ್ಮದ ಅಥವಾ ಮಖಮಲ್ಲಿನ ಒರೆಯೊಳಗೆ ಅಲಗನ್ನು ಇಡುವುದು ತುಕ್ಕಿಗೆ ಆಹ್ವಾನ. ಒರೆಯನ್ನು ಬೇರೆಯಾಗಿಟ್ಟು, ಅಲಗನ್ನು ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಪೆಟ್ಟಿಗೆಯಲ್ಲಿ ಮಲಗಿಸಿ, ತೇವ ತುಂಬಿ ಜೆಲ್ಲಿನ ಬಣ್ಣ ಬದಲಾಗಿದೆಯೇ ಎಂದು ತಿಂಗಳಿಗೊಮ್ಮೆ ನೋಡಬೇಕು.

ಪ್ರತಿ ವಸ್ತುವಿಗೂ ಒಂದು ಪುಟ ಮೀಸಲಿಟ್ಟು, ಒಟ್ಟು ಉದ್ದ, ಅಲಗಿನ ಉದ್ದ, ಮೂರು ಕಡೆಯ ದಪ್ಪ, ತೂಕ, ಬರಹದ ಪಡಿಯಚ್ಚು, ಎರಡೂ ಬದಿಯ ಚಿತ್ರ, ಕೊಂಡ ದಿನದ ರಸೀದಿ ಇವುಗಳನ್ನು ಸೇರಿಸಬೇಕು. ಮಾರಿದವನು ಹೇಳಿದ ಕಥೆಯನ್ನು ‘ಹೇಳಿಕೆ’ ಎಂಬ ತಲೆಬರಹದಡಿ ಬೇರೆಯಾಗಿ ಬರೆದಿಡಬೇಕು, ಏಕೆಂದರೆ ಮನೆತನದ ಹೆಸರು, ಕಮ್ಮಾರನ ಊರು, ವಸ್ತು ಬಳಕೆಯಲ್ಲಿದ್ದ ಕೆಲಸ ಇವು ಆಮೇಲೆ ಪರಿಶೀಲನೆಗೆ ಸಿಗಬಹುದು. ಗುರುತಿನ ಸಂಖ್ಯೆಯನ್ನು ಹತ್ತಿಯ ದಾರದಲ್ಲಿ ಕಟ್ಟಿದ ಚೀಟಿಯ ಮೇಲೆ ಬರೆಯಬೇಕು. ಅಂಟುಪಟ್ಟಿಯನ್ನು ನೇರವಾಗಿ ಲೋಹಕ್ಕೆ ಅಂಟಿಸಿದರೆ ಅದರ ಅಂಚಿನುದ್ದಕ್ಕೂ ತುಕ್ಕಿನ ಗೆರೆ ಬೀಳುತ್ತದೆ.