ಜ್ವರದ ಸಿರಪ್ ಅಳೆಯೋಕೆ ಅಡುಗೆಮನೆ ಚಮಚ ಬೇಡ

ಒಂದು ಚಮಚ ಅಂದರೆ 5 ಎಂಎಲ್ ಅಂತ ಲೆಕ್ಕ, ಆದರೆ ಮನೆಯ ಚಮಚಗಳಲ್ಲಿ ಒಂದರಂತೆ ಇನ್ನೊಂದಿರಲ್ಲ. ಸೂಜಿಯಿಲ್ಲದ ಸಿರಿಂಜಿನಲ್ಲೇ ಅಳೆಯಿರಿ. ಗುಳ್ಳೆ ಬಂದರೆ ಬಾಟಲಿಗೇ ಒತ್ತಿ ಇನ್ನೊಮ್ಮೆ ಎಳೆಯಿರಿ, ಇಲ್ಲದಿದ್ದರೆ ಗುಳ್ಳೆಯಷ್ಟು ಔಷಧಿ ಕಡಿಮೆ ಹೋಗುತ್ತೆ.

ದೊಡ್ಡ ಎಡವಟ್ಟಾಗೋದು ಡ್ರಾಪ್ಸ್ ಮತ್ತು ಸಿರಪ್ ನಡುವೆ. ಪ್ಯಾರಾಸಿಟಮಾಲ್ ಡ್ರಾಪ್ಸ್‌ನ 1 ಎಂಎಲ್‌ನಲ್ಲೇ 100 ಎಂಜಿ ಇರಬಹುದು. 5 ಎಂಎಲ್‌ಗೆ 250 ಎಂಜಿ ಇರುವ ಸಿರಪ್ಪಾದರೆ 1 ಎಂಎಲ್‌ನಲ್ಲಿ 50 ಮಾತ್ರ. 10 ಕೆಜಿ ಮಗುವಿಗೆ ಕೆಜಿಗೆ 15ರಂತೆ 150 ಎಂಜಿ ಅಂದುಕೊಳ್ಳಿ: ಆ ಸಿರಪ್ 3 ಎಂಎಲ್, ಡ್ರಾಪ್ಸ್ ಬರೀ ಒಂದೂವರೆ. ಸಿರಪ್ ಅಂದುಕೊಂಡು ಡ್ರಾಪ್ಸ್ ಕೊಟ್ಟರೆ ಡೋಸ್ ದುಪ್ಪಟ್ಟು! ಡಾಕ್ಟರ್ ಹತ್ತಿರ ಎಷ್ಟು ಎಂಎಲ್ ಅಂತಷ್ಟೇ ಅಲ್ಲ, ಎಷ್ಟು ಎಂಜಿ ಅಂತಲೂ ಕೇಳಿ, ಬಾಟಲಿ ಮೇಲೇ ಬರೆದಿಡಿ.

ಮಲಗಿಸಿ ಕುಡಿಸಬೇಡಿ, ನೆತ್ತಿಗೆ ಹತ್ತುತ್ತೆ. ಕೂರಿಸಿಕೊಂಡು, ಸಿರಿಂಜಿನ ತುದಿ ಕೆನ್ನೆಯ ಒಳಬದಿಗಿಟ್ಟು ಸ್ವಲ್ಪ ಸ್ವಲ್ಪವೇ ಒತ್ತಿ. ಹಾಲಿನ ಬಾಟಲಿಗೆ ಬೆರೆಸೋದೂ ಬೇಡ. ಮಗು ಅರ್ಧ ಕುಡಿದು ಬಿಟ್ಟರೆ ಎಷ್ಟು ಒಳಗೆ ಹೋಯಿತೋ ಯಾರಿಗೂ ಗೊತ್ತಾಗಲ್ಲ.

ಕೊಟ್ಟ ಸಮಯ ಬರೆದಿಡಿ. ಅಜ್ಜಿ ಒಮ್ಮೆ, ಅಪ್ಪ ಒಮ್ಮೆ ಕೊಟ್ಟುಬಿಡೋದು ಉಂಟು. ಪ್ಯಾರಾಸಿಟಮಾಲ್‌ನ ಎರಡು ಡೋಸ್ ನಡುವೆ 4ರಿಂದ 6 ಗಂಟೆ ಅಂತರ ಇರಲೇಬೇಕು. 24 ಗಂಟೆಯಲ್ಲಿ 4 ಡೋಸ್ ಮೀರಬಾರದು.