ಮೆಮೊರಿ ಬ್ಯಾರಿಯರ್: ಎಲ್ಲಿ ಬೇಕು, ಹೇಗೆ ಜೋಡಿಸಬೇಕು

ಸಕಲೇಶಪುರದ ಕಡೆಯ ಒಂದು ಕಾಫಿ ತೋಟದ ಮಳೆಮಾಪಕಕ್ಕಾಗಿ ಮುಂಗಾರಿಗೆ ಮುಂಚೆ ಹಾಸನದಲ್ಲಿ ಕುಳಿತು ನಾವು ಒಂದು ಸಣ್ಣ ಲಿನಕ್ಸ್ ಡ್ರೈವರ್ (ಸಾಧನವನ್ನು ಕರ್ನಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿಗೆ, ಜೋಡಿಸುವ ಕೋಡ್) ಬರೆದೆವು. ಮಳೆಮಾಪಕದೊಳಗಿನ ಪುಟ್ಟ ಬಟ್ಟಲು ತುಂಬಿ ಮಗುಚಿದಾಗಲೆಲ್ಲ ಒಂದು ಇಂಟರಪ್ಟ್, ಅಂದರೆ ಪ್ರೊಸೆಸರನ್ನು ತಡೆದು ಕರೆಯುವ ಸಂಕೇತ, ಬರುತ್ತದೆ. ಇಂಟರಪ್ಟ್ ಹ್ಯಾಂಡ್ಲರ್ ಆ ಹೊತ್ತಿನ ಸಮಯವನ್ನೂ ಒಂದು ಕ್ರಮಸಂಖ್ಯೆಯನ್ನೂ ಕೊನೆ ಮುಟ್ಟಿದ ಮೇಲೆ ಮೊದಲಿಗೆ ಮರಳುವ ರಿಂಗ್ ಬಫರಿನ ಖಾಲಿ ಮನೆಯೊಂದರಲ್ಲಿ ಬರೆದು, ‘ಹೆಡ್’ ಎಂಬ ಇಂಡೆಕ್ಸನ್ನು ಒಂದು ಹೆಜ್ಜೆ ಮುಂದೆ ಸರಿಸುತ್ತದೆ. ಬೇರೊಂದು ಕೋರ್‌ನಲ್ಲಿ ಓಡುತ್ತಿರುವ ಕರ್ನಲ್ ಥ್ರೆಡ್ ಹೆಡ್ ಸರಿದದ್ದನ್ನು ಕಂಡು ಆ ಮನೆಯಲ್ಲಿರುವುದನ್ನು ಓದಿಕೊಳ್ಳುತ್ತದೆ. ಪರೀಕ್ಷೆಗೆಂದು ಮಳೆಯ ಬದಲು ವೇಗದ ಟೈಮರ್ ಒಂದನ್ನು ಜೋಡಿಸಿದ್ದೆವು. ಲ್ಯಾಪ್‌ಟಾಪಿನಲ್ಲಿ ಎರಡು ದಿನ ಓಡಿಸಿದರೂ ಒಂದು ದಾಖಲೆಯೂ ತಪ್ಪಲಿಲ್ಲ. ಅದೇ ಕೋಡ್ ರಾಸ್ಪ್‌ಬೆರಿ ಪೈ 4 ಬೋರ್ಡಿನ ಮೇಲೆ ಕೆಲವು ಗಂಟೆ ಓಡುವಷ್ಟರಲ್ಲಿ, ಹೊಸ ದಾಖಲೆ ಇರಬೇಕಾದ ಜಾಗದಲ್ಲಿ ರಿಂಗಿನ ಹಿಂದಿನ ಸುತ್ತಿನ ಕ್ರಮಸಂಖ್ಯೆ ಬಂದು ಕುಳಿತಿತ್ತು. ‘ಸರ್, ಮೊದಲು ದಾಖಲೆ ಬರೆದು ಆಮೇಲೆ ತಾನೇ ಹೆಡ್ ಬದಲಾಯಿಸಿದ್ದೀವಿ?’ ಎಂದು ಜೊತೆಯಲ್ಲಿ ಕೆಲಸ ಮಾಡುವ ಚಿಕ್ಕಮಗಳೂರಿನ ಹುಡುಗಿ ಕೇಳಿದಳು. ನಾವು ಬರೆದ ಕ್ರಮ ಅದೇ ಆಗಿತ್ತು. ಆದರೆ ಇನ್ನೊಂದು ಕೋರ್‌ಗೆ ಕಾಣುವ ಕ್ರಮವೂ ಅದೇ ಆಗಿರಬೇಕೆಂದು ನಾವು ಯಾರಿಗೂ ಹೇಳಿರಲಿಲ್ಲ. ಹಾಗೆ ಹೇಳುವ ಸೂಚನೆಯೇ ಮೆಮೊರಿ ಬ್ಯಾರಿಯರ್.

ಈ ಕ್ರಮ ಎರಡು ಕಡೆ ಕೆಡಬಹುದು. ಮೊದಲನೆಯದು ಕಂಪೈಲರ್: ಒಂದೇ ಥ್ರೆಡ್ಡಿನ ಕಣ್ಣಿಗೆ ಫಲಿತಾಂಶ ಬದಲಾಗದಿದ್ದರೆ ಸಾಕು, ಅದು ಎರಡು ಬರಹಗಳನ್ನು ಹಿಂದುಮುಂದು ಮಾಡಬಹುದು, ಒಂದೇ ಓದನ್ನು ಎರಡಾಗಿಸಬಹುದು ಅಥವಾ ಲೂಪಿನ ಒಳಗಿನ ಓದನ್ನು ಹೊರಗೆ ಎತ್ತಿಡಬಹುದು. ಎರಡನೆಯದು ಪ್ರೊಸೆಸರ್: ಪ್ರತಿ ಕೋರ್ ತನ್ನ ಬರಹಗಳನ್ನು ಮೊದಲು ಸ್ಟೋರ್ ಬಫರಿನಲ್ಲಿ ಇಟ್ಟುಕೊಂಡು ಅನುಕೂಲವಾದಾಗ ಕ್ಯಾಶ್‌ಗೆ ಇಳಿಸುತ್ತದೆ, ಮುಂದೆ ಬೇಕಾಗಬಹುದಾದ ಓದುಗಳನ್ನು ಮುಂಚೆಯೇ ಮಾಡಿಟ್ಟುಕೊಳ್ಳುತ್ತದೆ. ಇಂಟೆಲ್ ಮತ್ತು ಎಎಂಡಿಯ ಎಕ್ಸ್86 ಪ್ರೊಸೆಸರ್‌ಗಳು ಈ ವಿಷಯದಲ್ಲಿ ಬಹಳ ಬಿಗಿ. ಅಲ್ಲಿ ಸಾಮಾನ್ಯ ಮೆಮೊರಿಯ ಮಟ್ಟಿಗೆ ಬರಹಗಳು ಬರೆದ ಕ್ರಮದಲ್ಲೇ, ಓದುಗಳು ಓದಿದ ಕ್ರಮದಲ್ಲೇ ಹೊರಗೆ ಕಾಣುತ್ತವೆ, ಒಂದು ಬರಹದ ನಂತರ ಬೇರೆ ಜಾಗದಿಂದ ಮಾಡುವ ಓದು ಮಾತ್ರ ಆ ಬರಹವನ್ನು ದಾಟಿ ಮುಂದೆ ಹೋಗಬಹುದು. ಆರ್ಮ್ ಪ್ರೊಸೆಸರ್‌ಗಳು ಇಷ್ಟು ಭರವಸೆ ಕೊಡುವುದಿಲ್ಲ. ನಮ್ಮ ಬೋರ್ಡಿನಲ್ಲಿದ್ದದ್ದು ಕಾರ್ಟೆಕ್ಸ್ ಎ72ರ ನಾಲ್ಕು ಕೋರ್‌ಗಳು. ಲ್ಯಾಪ್‌ಟಾಪಿನಲ್ಲಿ ಸರಿಹೋದದ್ದು ಕೋಡ್ ಸರಿಯಿದ್ದುದರಿಂದಲ್ಲ, ಯಂತ್ರ ನಮ್ಮ ತಪ್ಪನ್ನು ಮುಚ್ಚಿಕೊಂಡು ಹೋದುದರಿಂದ.

ವಿದ್ಯಾರ್ಥಿಗಳಿಗೆ ಇದನ್ನು ಹೇಳುವಾಗ ನಾನು ಕಾಫಿ ಕ್ಯೂರಿಂಗಿನ ಅಂಗಳವನ್ನೇ ನೆನಪಿಸುತ್ತೇನೆ. ಒಬ್ಬ ಗೋಣಿಚೀಲಕ್ಕೆ ಬೀಜ ತುಂಬಿ, ದಬ್ಬಳದಿಂದ ಬಾಯಿ ಹೊಲಿದು, ಕೊನೆಯಲ್ಲಿ ಸೀಮೆಸುಣ್ಣದಿಂದ ಗುರುತು ಹಾಕುತ್ತಾನೆ. ಗುರುತು ಕಂಡ ಹಮಾಲಿ ಮೂಟೆಯನ್ನು ಹೆಗಲಿಗೇರಿಸುತ್ತಾನೆ. ಹೊಲಿಯುವ ಮುಂಚೆ ಗುರುತು ಬಿದ್ದರೆ ಬೀಜ ನೆಲಕ್ಕೆ ಚೆಲ್ಲುತ್ತದೆ. ಅಷ್ಟೇ ಮುಖ್ಯವಾದದ್ದು ಇನ್ನೊಂದಿದೆ: ಹೊಲಿಯುವವನು ಎಷ್ಟೇ ಶಿಸ್ತಿನಿಂದ ಇದ್ದರೂ ಹಮಾಲಿ ಗುರುತು ನೋಡುವ ಮುಂಚೆಯೇ ಮೂಟೆಗೆ ಕೈ ಹಾಕಿದರೆ ಆ ಶಿಸ್ತಿನಿಂದ ಪ್ರಯೋಜನವಿಲ್ಲ. ಬ್ಯಾರಿಯರ್ ಯಾವಾಗಲೂ ಜೋಡಿಯ ಕೆಲಸ. ಅದು ಬರಹವನ್ನು ಬೇಗ ತಲುಪಿಸುತ್ತದೆ ಎಂದು ಅನೇಕರು ತಿಳಿದಿದ್ದಾರೆ; ಅದು ಮಾಡುವುದು ಹಿಂದಿನದನ್ನು ಹಿಂದೆ, ಮುಂದಿನದನ್ನು ಮುಂದೆ ಇಡುವುದಷ್ಟನ್ನೇ.

ಆದ್ದರಿಂದ ಕರ್ನಲ್ ಕೋಡ್ ಬರೆಯಲು ಕುಳಿತಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಇಲ್ಲಿ ಒಂದು ಲಾಕ್ (ಒಮ್ಮೆಗೆ ಒಬ್ಬರನ್ನೇ ಒಳಗೆ ಬಿಡುವ ಬೀಗ) ಸಾಕಾಗುವುದೇ ಎಂಬುದು. ಬಹುಪಾಲು ಕಡೆ ಸಾಕಾಗುತ್ತದೆ. ಲಾಕ್ ಹಿಡಿಯುವ ಕ್ರಿಯೆಯಲ್ಲಿ ‘ಅಕ್ವೈರ್’ ಕ್ರಮವೂ (ಮುಂದಿನದು ಮೇಲೆ ಹೋಗದು) ಬಿಡುವ ಕ್ರಿಯೆಯಲ್ಲಿ ‘ರಿಲೀಸ್’ ಕ್ರಮವೂ (ಹಿಂದಿನದು ಕೆಳಗೆ ಬಾರದು) ಅಡಗಿರುವುದರಿಂದ, ಹಂಚಿಕೊಂಡ ದತ್ತಾಂಶವನ್ನು ಮುಟ್ಟುವ ಎಲ್ಲರೂ ಒಂದೇ ಲಾಕ್ ಹಿಡಿದು ಮುಟ್ಟಿದರೆ ಬ್ಯಾರಿಯರ್‌ನ ಯೋಚನೆಯೇ ಬೇಡ. ನಿದ್ದೆ ಹೋಗಬಹುದಾದ ಜಾಗದಲ್ಲಿ ಮ್ಯೂಟೆಕ್ಸ್ (ಮಲಗಿ ಕಾಯುವ ಲಾಕ್), ಹೋಗಬಾರದ ಜಾಗದಲ್ಲಿ ಸ್ಪಿನ್‌ಲಾಕ್ (ಎಚ್ಚರವಾಗಿಯೇ ಸುತ್ತುತ್ತ ಕಾಯುವ ಲಾಕ್), ಅದೇ ಲಾಕನ್ನು ಇಂಟರಪ್ಟ್ ಹ್ಯಾಂಡ್ಲರ್ ಕೂಡ ಹಿಡಿಯುವುದಾದರೆ ಥ್ರೆಡ್ಡಿನ ಕಡೆಯಿಂದ ಇಂಟರಪ್ಟ್ ತಡೆಯುವ ‘ಸ್ಪಿನ್ ಲಾಕ್ ಐಆರ್‌ಕ್ಯೂ ಸೇವ್’. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಲಾಕಿನ ಒಳಗಿನ ಕೆಲಸ ಹೊರಗೆ ಸೋರುವುದಿಲ್ಲವಾದರೂ ಹೊರಗಿನ ಓದುಬರಹ ಒಳಗೆ ಸರಿಯಬಹುದು, ಹೀಗಾಗಿ ಲಾಕ್ ಹಿಡಿಯದೆ ನೋಡುವ ಮೂರನೆಯವರು ಯಾರಾದರೂ ಇದ್ದರೆ ಲಾಕನ್ನು ಪೂರ್ಣ ಬ್ಯಾರಿಯರ್ ಎಂದು ನಂಬಬಾರದು.

ಲಾಕ್ ಬೇಡವೆನ್ನಲು ಗಟ್ಟಿ ಕಾರಣವಿದ್ದರೆ, ಎರಡನೆಯ ಹೆಜ್ಜೆಯಾಗಿ ಯಾವುದು ದತ್ತಾಂಶ, ಯಾವುದು ಗುರುತು ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಿ. ನಮ್ಮಲ್ಲಿ ರಿಂಗಿನ ಮನೆ ದತ್ತಾಂಶ, ಹೆಡ್ ಗುರುತು. ಗುರುತನ್ನು ಬರೆಯುವವನು ‘ಎಸ್‌ಎಂಪಿ ಸ್ಟೋರ್ ರಿಲೀಸ್’ ಬಳಸಬೇಕು, ಓದುವವನು ‘ಎಸ್‌ಎಂಪಿ ಲೋಡ್ ಅಕ್ವೈರ್’ ಬಳಸಬೇಕು. ರಿಲೀಸ್‌ಗಿಂತ ಹಿಂದಿನ ಯಾವ ಓದುಬರಹವೂ ಅದನ್ನು ದಾಟಿ ಕೆಳಗೆ ಬರುವುದಿಲ್ಲ, ಅಕ್ವೈರ್‌ನ ಮುಂದಿನ ಯಾವುದೂ ಅದನ್ನು ದಾಟಿ ಮೇಲೆ ಹೋಗುವುದಿಲ್ಲ. ಹಳೆಯ ಕೋಡಿನಲ್ಲಿ ಇದೇ ಕೆಲಸಕ್ಕೆ ‘ಎಸ್‌ಎಂಪಿ ಡಬ್ಲ್ಯುಎಂಬಿ’ ಮತ್ತು ‘ಎಸ್‌ಎಂಪಿ ಆರ್‌ಎಂಬಿ’ ಜೋಡಿ ಕಾಣುತ್ತದೆ. ಹೊಸದಾಗಿ ಬರೆಯುವವರಿಗೆ ನಾನು ಮೊದಲಿನ ಜೋಡಿಯನ್ನೇ ಹೇಳುತ್ತೇನೆ, ಏಕೆಂದರೆ ಅದರಲ್ಲಿ ಕ್ರಮ ಯಾವ ಚರಾಂಶಕ್ಕೆ ಸಂಬಂಧಿಸಿದ್ದು ಎಂಬುದು ಅದೇ ಸಾಲಿನಲ್ಲಿ ಕಣ್ಣಿಗೆ ಬೀಳುತ್ತದೆ.

ಓದುವ ಕಡೆ ಅಕ್ವೈರ್ ಏಕೆ ಬೇಕು ಎಂಬ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. ‘ಹೆಡ್ ಸರಿದಿದ್ದರೆ ಮಾತ್ರ ಮನೆ ಓದು’ ಎಂಬ ಷರತ್ತು ಕೋಡಿನಲ್ಲೇ ಇದೆಯಲ್ಲ, ಹೆಡ್ ಓದದೆ ಮನೆ ಓದುವುದು ಹೇಗೆ ಸಾಧ್ಯ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಪ್ರೊಸೆಸರ್ ಷರತ್ತಿನ ಉತ್ತರಕ್ಕೆ ಕಾಯುವುದಿಲ್ಲ. ‘ಹೌದು’ ಎಂದು ಊಹಿಸಿ ಮನೆಯನ್ನು ಮೊದಲೇ ಓದಿಟ್ಟುಕೊಳ್ಳುತ್ತದೆ, ಆಮೇಲೆ ಬಂದ ಹೆಡ್‌ನ ಮೌಲ್ಯ ಊಹೆಗೆ ಹೊಂದಿದರೆ ಆ ಹಳೆಯ ಓದನ್ನೇ ಉಳಿಸಿಕೊಳ್ಳುತ್ತದೆ. ಈ ಎರಡರ ನಡುವಿನ ಕ್ಷಣದಲ್ಲಿ ಇನ್ನೊಂದು ಕೋರ್ ಮನೆಯನ್ನೂ ಹೆಡ್ಡನ್ನೂ ಸರಿಯಾದ ಕ್ರಮದಲ್ಲೇ ಬದಲಿಸಿದ್ದರೂ ನಮ್ಮ ಕೈಗೆ ಸಿಗುವುದು ಹಳೆಯ ದಾಖಲೆ. ಷರತ್ತು ಮುಂದಿನ ಬರಹವನ್ನು ತಡೆದು ನಿಲ್ಲಿಸಬಲ್ಲದು, ಮುಂದಿನ ಓದನ್ನು ತಡೆಯಲಾರದು.

ರಿಂಗ್ ಬಫರ್ ಬರೆಯುವವರು ಸಾಮಾನ್ಯವಾಗಿ ಮರೆಯುವುದು ‘ಟೇಲ್’ನ ಕಡೆಯನ್ನು. ಓದುವ ಥ್ರೆಡ್ ಮನೆಯನ್ನು ಓದಿ ಮುಗಿಸಿದ ಮೇಲೆ ಟೇಲನ್ನು ಸರಿಸುತ್ತದೆ, ಬರೆಯುವವನು ಟೇಲ್ ನೋಡಿ ಆ ಮನೆ ಖಾಲಿಯಾಯಿತೆಂದು ತಿಳಿಯುತ್ತಾನೆ. ಇಲ್ಲಿ ಪಾತ್ರಗಳು ಅದಲುಬದಲಾಗಿವೆ: ಓದುವ ಥ್ರೆಡ್ ಟೇಲನ್ನು ರಿಲೀಸ್‌ನಿಂದ ಬರೆಯಬೇಕು, ಬರೆಯುವವನು ಅದನ್ನು ಅಕ್ವೈರ್‌ನಿಂದ ನೋಡಬೇಕು. ಇಲ್ಲದಿದ್ದರೆ ಓದು ಮುಗಿಯುವ ಮುಂಚೆಯೇ ಮನೆ ಖಾಲಿ ಎಂಬ ಸುದ್ದಿ ಹೊರಟು, ಓದುತ್ತಿರುವಾಗಲೇ ಮೇಲೆ ಬರೆದಂತಾಗುತ್ತದೆ. ಹೀಗೆ ಒಂದು ರಿಂಗಿಗೆ ಎರಡು ಜೋಡಿ, ನಾಲ್ಕು ಜಾಗ. ಇದು ಒಬ್ಬ ಬರೆಯುವವನು, ಒಬ್ಬ ಓದುವವನು ಇರುವ ರಿಂಗಿಗೆ ಮಾತ್ರ. ಬರೆಯುವವರು ಇಬ್ಬರಾದರೆ ಅವರ ನಡುವೆ ಲಾಕ್ ಬೇಕೇ ಬೇಕು.

ಅಕ್ವೈರ್ ಮತ್ತು ರಿಲೀಸ್ ಎರಡೂ ಸಾಲದ ಒಂದು ಸಂದರ್ಭವಿದೆ, ಅದು ಎಕ್ಸ್86ನಲ್ಲೂ ಕಚ್ಚುತ್ತದೆ. ಮಲಗುವ ಥ್ರೆಡ್ ‘ನಾನು ಮಲಗುತ್ತಿದ್ದೇನೆ’ ಎಂದು ಬರೆದು, ಆಮೇಲೆ ‘ಕೆಲಸ ಬಂದಿದೆಯೇ’ ಎಂದು ಓದುತ್ತದೆ. ಎಬ್ಬಿಸುವ ಥ್ರೆಡ್ ‘ಕೆಲಸ ಬಂದಿದೆ’ ಎಂದು ಬರೆದು, ಆಮೇಲೆ ‘ಯಾರಾದರೂ ಮಲಗಿದ್ದಾರೆಯೇ’ ಎಂದು ಓದುತ್ತದೆ. ಇಬ್ಬರ ಬರಹವೂ ತಂತಮ್ಮ ಸ್ಟೋರ್ ಬಫರಿನಲ್ಲೇ ಕುಳಿತಿದ್ದಾಗ ಇಬ್ಬರ ಓದೂ ಮುಗಿದುಹೋದರೆ, ಕೆಲಸವಿಲ್ಲವೆಂದು ಅವನು ಮಲಗುತ್ತಾನೆ, ಮಲಗಿದವರಿಲ್ಲವೆಂದು ಇವನು ಹೋಗಿಬಿಡುತ್ತಾನೆ. ಬರಹವನ್ನು ಮುಂದಿನ ಓದಿನಿಂದ ಬೇರ್ಪಡಿಸುವ ಶಕ್ತಿ ಇರುವುದು ಪೂರ್ಣ ಬ್ಯಾರಿಯರ್ ಆದ ‘ಎಸ್‌ಎಂಪಿ ಎಂಬಿ’ಗೆ ಮಾತ್ರ, ಮತ್ತು ಅದು ಎರಡೂ ಕಡೆ ಇರಬೇಕು. ‘ಸೆಟ್ ಕರೆಂಟ್ ಸ್ಟೇಟ್’ ಒಳಗೆ ಅದು ಆಗಲೇ ಇದೆ, ಎಬ್ಬಿಸುವ ಕ್ರಿಯೆಯೂ ಮಲಗಿದವನ ಸ್ಥಿತಿ ನೋಡುವ ಮುಂಚೆ ಅದನ್ನು ಮಾಡುತ್ತದೆ. ಆದ್ದರಿಂದ ಸ್ವಂತವಾಗಿ ಬರೆಯಲು ಹೋಗದೆ ‘ವೇಟ್ ಇವೆಂಟ್’ ಮತ್ತು ‘ವೇಕ್ ಅಪ್’ ಬಳಸುವುದೇ ಸರಿ. ವೇಗ ಹೆಚ್ಚಿಸಲೆಂದು ‘ವೇಟ್‌ಕ್ಯೂ ಆಕ್ಟಿವ್’ ಎಂದು ಮೊದಲು ಬರಿಗಣ್ಣಿನಲ್ಲಿ ನೋಡಿ ಆಮೇಲೆ ಎಬ್ಬಿಸುವವರು ಇದೇ ಹಳ್ಳಕ್ಕೆ ಬೀಳುತ್ತಾರೆ. ಅಲ್ಲಿ ಬ್ಯಾರಿಯರ್ ಸಮೇತ ನೋಡುವ ‘ಡಬ್ಲ್ಯುಕ್ಯೂ ಹ್ಯಾಸ್ ಸ್ಲೀಪರ್’ ಇದೆ, ಅದನ್ನೇ ಕರೆಯಿರಿ.

ಕೆಲವು ಸಣ್ಣ ವಿಷಯಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಲಾಕ್ ಇಲ್ಲದೆ ಹಂಚಿಕೊಂಡ ಗುರುತನ್ನು ಮುಟ್ಟುವಾಗ ‘ರೀಡ್ ಒನ್ಸ್’, ‘ರೈಟ್ ಒನ್ಸ್’ ಬಳಸದಿದ್ದರೆ ಕಂಪೈಲರ್ ತನ್ನ ಮನಸ್ಸಿಗೆ ಬಂದಂತೆ ನಡೆದುಕೊಳ್ಳಬಹುದು. ಆದರೆ ಇವು ಬೇರೆ ಬೇರೆ ಜಾಗಗಳ ನಡುವೆ ಪ್ರೊಸೆಸರ್‌ನ ಕ್ರಮವನ್ನು ಕಾಯುವುದಿಲ್ಲ. ‘ವೊಲಟೈಲ್’ ಎಂದು ಘೋಷಿಸುವುದು ಬ್ಯಾರಿಯರ್‌ಗೆ ಬದಲಿಯಲ್ಲ. ಅಟಾಮಿಕ್ (ನಡುವೆ ತುಂಡಾಗದ) ಕ್ರಿಯೆಗಳಲ್ಲಿ ಮೌಲ್ಯ ಹಿಂದಿರುಗಿಸುವ ‘ಅಟಾಮಿಕ್ ಇಂಕ್ ರಿಟರ್ನ್’ ಪೂರ್ಣ ಕ್ರಮ ಕೊಡುತ್ತದೆ, ಬರಿಯ ‘ಅಟಾಮಿಕ್ ಇಂಕ್’ ಯಾವ ಕ್ರಮವನ್ನೂ ಕೊಡುವುದಿಲ್ಲ. ಎಸ್‌ಎಂಪಿ ಎಂದು ಶುರುವಾಗುವ ಬ್ಯಾರಿಯರ್‌ಗಳು ಕೋರ್‌ಗಳ ನಡುವಿನ ಮಾತಿಗೆ. ಡಿಎಂಎ ಮಾಡುವ, ಅಂದರೆ ಪ್ರೊಸೆಸರ್‌ನ ನೆರವಿಲ್ಲದೆ ಮೆಮೊರಿಯನ್ನು ನೇರವಾಗಿ ಮುಟ್ಟುವ, ಸಾಧನದೊಂದಿಗೆ ಮೆಮೊರಿ ಹಂಚಿಕೊಂಡಾಗ ‘ಡಿಎಂಎ ಡಬ್ಲ್ಯುಎಂಬಿ’ಯಂಥವು ಬೇಕು.

ಇನ್ನು ಪರೀಕ್ಷೆ. ಎಕ್ಸ್86 ಯಂತ್ರದಲ್ಲಿ ಓಡಿತೆಂಬುದು ಸಾಕ್ಷಿಯಲ್ಲವಾದ್ದರಿಂದ ಕಡೇ ಪಕ್ಷ ಒಂದು ಆರ್ಮ್ ಬೋರ್ಡಿನ ಮೇಲೆ ಬರೆಯುವವನನ್ನೂ ಓದುವವನನ್ನೂ ಬೇರೆ ಬೇರೆ ಕೋರ್‌ಗೆ ಕಟ್ಟಿಹಾಕಿ ಓಡಿಸಿ. 2020ರಲ್ಲಿ ಬಂದ ಲಿನಕ್ಸ್ 5.8ರಿಂದ ಕೆಸಿಸ್ಯಾನ್ ಎಂಬ ಪರೀಕ್ಷಕ ಕರ್ನಲ್ಲಿನೊಳಗೇ ಇದೆ. ಲಾಕ್ ಇಲ್ಲದೆ, ‘ರೀಡ್ ಒನ್ಸ್’ನಂಥ ಗುರುತೂ ಮಾಡದೆ ಇಬ್ಬರು ಒಂದೇ ಜಾಗ ಮುಟ್ಟಿದ್ದನ್ನು ಅದು ಹಿಡಿದುಕೊಡುತ್ತದೆ. 2018ರ ಲಿನಕ್ಸ್ 4.17ರೊಂದಿಗೆ ಕರ್ನಲ್ಲಿನ ಮೆಮೊರಿ ಮಾದರಿಯೂ (ಯಾವ ಕ್ರಮ ಸಾಧ್ಯ, ಯಾವುದು ಅಸಾಧ್ಯ ಎಂಬ ನಿಯಮಗಳು) ಬಂತು. ನಿಮ್ಮ ಕೋಡಿನ ತಿರುಳನ್ನು ಹತ್ತಿಪ್ಪತ್ತು ಸಾಲಿನ ಲಿಟ್ಮಸ್ ಪರೀಕ್ಷೆಯಾಗಿ ಬರೆದು ಹರ್ಡ್7 ಎಂಬ ಉಪಕರಣಕ್ಕೆ ಕೊಟ್ಟರೆ, ‘ಹೆಡ್ ಹೊಸದು, ಮನೆ ಹಳೆಯದು’ ಎಂಬ ಫಲಿತಾಂಶ ಎಂದಾದರೂ ಸಾಧ್ಯವೇ, ಎಂದಿಗೂ ಅಸಾಧ್ಯವೇ ಎಂದು ಅದು ಎಲ್ಲ ದಾರಿಗಳನ್ನೂ ಎಣಿಸಿ ಹೇಳುತ್ತದೆ. ಎರಡು ದಿನ ಬೋರ್ಡ್ ಓಡಿಸಿ ಸಿಗದ ಉತ್ತರ ಅಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಸಿಗುತ್ತದೆ. ಕರ್ನಲ್ಲಿನ ಇನ್ನೊಂದು ಪರೀಕ್ಷಕವಾದ ಲಾಕ್‌ಡೆಪ್‌ನಿಂದ ಈ ಕೆಲಸ ಆಗುವುದಿಲ್ಲ, ಅದು ಲಾಕ್‌ಗಳ ಬಳಕೆಯನ್ನಷ್ಟೇ ನೋಡುತ್ತದೆ.

ಪ್ರತಿ ಬ್ಯಾರಿಯರ್‌ನ ಮೇಲೆ ಒಂದು ಟಿಪ್ಪಣಿ ಬರೆಯಿರಿ. ಅದರ ಜೋಡಿ ಯಾವ ಫಂಕ್ಷನ್ನಿನಲ್ಲಿದೆ, ಯಾವ ಎರಡು ಓದುಬರಹಗಳನ್ನು ಅದು ಕ್ರಮದಲ್ಲಿಡುತ್ತಿದೆ ಎಂಬುದು ಆ ಟಿಪ್ಪಣಿಯಲ್ಲಿರಲಿ. ಟಿಪ್ಪಣಿಯಿಲ್ಲದ ಬ್ಯಾರಿಯರ್ ಕಂಡರೆ ಕರ್ನಲ್ಲಿನ ಕೋಡ್ ಶೈಲಿ ನೋಡುವ ಚೆಕ್‌ಪ್ಯಾಚ್ ಕೂಡ ಎಚ್ಚರಿಸುತ್ತದೆ. ಜೋಡಿ ಯಾರೆಂದು ಬರೆಯಲು ಬರದಿದ್ದರೆ ಆ ಬ್ಯಾರಿಯರ್ ತಪ್ಪು ಜಾಗದಲ್ಲಿದೆ ಅಥವಾ ಅದರ ಅಗತ್ಯವೇ ಇಲ್ಲ.

ನಮ್ಮ ಡ್ರೈವರ್‌ಗೆ ನಾಲ್ಕು ಜಾಗದಲ್ಲೂ ತಿದ್ದುಪಡಿ ಮಾಡಿ, ನಾಲ್ಕು ಟಿಪ್ಪಣಿ ಬರೆದು, ಶುಕ್ರವಾರ ಸಂಜೆ ಬೋರ್ಡ್ ಓಡಲು ಬಿಟ್ಟು ಹೋದೆವು. ಸೋಮವಾರ ಬೆಳಗ್ಗೆ ಬಂದು ನೋಡಿದಾಗ ಕ್ರಮಸಂಖ್ಯೆಗಳಲ್ಲಿ ಒಂದೂ ತಪ್ಪಿರಲಿಲ್ಲ. ಅಷ್ಟಕ್ಕೇ ಬಿಡದೆ ಆ ಹುಡುಗಿ ಬರೆಯುವ ಕಡೆಯ ರಿಲೀಸನ್ನು ಹಾಗೇ ಉಳಿಸಿ, ಓದುವ ಕಡೆ ಹೆಡ್ ಮೇಲಿನ ಅಕ್ವೈರ್ ಒಂದನ್ನು ಮಾತ್ರ ತೆಗೆದು ಮತ್ತೆ ಓಡಿಸಿದಳು. ಊಟ ಮುಗಿಸಿ ಬರುವಷ್ಟರಲ್ಲಿ ಹಿಂದಿನ ಸುತ್ತಿನ ದಾಖಲೆ ಪರದೆಯ ಮೇಲೆ ಮರಳಿ ಬಂದಿತ್ತು. ಅಕ್ವೈರನ್ನು ಮೊದಲಿದ್ದ ಜಾಗಕ್ಕೆ ಹಾಕಿ, ಆ ಮಧ್ಯಾಹ್ನವೇ ಬೋರ್ಡನ್ನು ಘಟ್ಟದ ಕಡೆಗೆ ಕಳಿಸಿದೆವು.